ಉಣ್ಣೆಯ ಕಾಲುಚೀಲವೂ ಫೆಲ್ಟಿನ ಕೈಚೀಲವೂ

ನನ್ನ ತಾಯಿಯವರು ತಮ್ಮ ಕೊನೆಯ ಚಳಿಗಾಲದಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದುಕೊಟ್ಟ ಒಂದು ಜೊತೆ ಉಣ್ಣೆಯ ಕಾಲುಚೀಲಗಳು ನನ್ನಲ್ಲಿದ್ದವು. ಒಂದು ದಿನ ಅವು ಉಳಿದ ಬಟ್ಟೆಗಳೊಡನೆ ಬಿಸಿನೀರಿನ ಬಕೀಟಿಗೆ ಬಿದ್ದುವು. ಸಾಬೂನು ಹಚ್ಚಿ, ಕಲ್ಲಿನ ಮೇಲೆ ಚೆನ್ನಾಗಿ ತಿಕ್ಕಿದವನು ನಾನೇ, ಬೇರೆಯವರನ್ನು ದೂರುವಂತಿಲ್ಲ. ಒಣಗಿದ ಮೇಲೆ ನೋಡಿದರೆ ಆರು ವರ್ಷದ ಬಾಲಕನ ಕಾಲಿಗೂ ಅವು ಹಿಡಿಸುವಂತಿರಲಿಲ್ಲ. ಮತ್ತೆ ಒದ್ದೆಮಾಡಿ ಎಳೆದದ್ದಾಯಿತು, ತೂಕ ಕಟ್ಟಿ ತೂಗುಹಾಕಿದ್ದಾಯಿತು. ಯಾವುದರಿಂದಲೂ ಫಲವಾಗಲಿಲ್ಲ. ಹೆಣಿಗೆಯ ಕಣ್ಣುಗಳೆಲ್ಲ ಮಾಯವಾಗಿ, ಬಟ್ಟೆ ದಪ್ಪನೆಯ ರಟ್ಟಿನಂತೆ ಬಿಗಿದುಕೊಂಡಿತ್ತು.

ಹತ್ತಿಯ ಬಟ್ಟೆಯೂ ಮೊದಲನೆಯ ಒಗೆತದಲ್ಲಿ ಕುಗ್ಗುವುದುಂಟು. ಆದರೆ ಅದು ಮಗ್ಗದಲ್ಲಿ ಬಿಗಿಯಾಗಿ ಎಳೆಯಲ್ಪಟ್ಟಿದ್ದ ನೂಲು ನೀರಿನಲ್ಲಿ ನೆನೆದು ತನ್ನ ಸಹಜಸ್ಥಿತಿಗೆ ಮರಳುವುದರಿಂದ ಆಗುವ ಕುಗ್ಗು. ಒಂದೆರಡು ಸಲ ಒಗೆದ ಮೇಲೆ ನಿಂತುಹೋಗುತ್ತದೆ. ಉಣ್ಣೆಯ ಕುಗ್ಗು ಹಾಗಲ್ಲ. ಬಿಸಿನೀರಿನಲ್ಲಿ ತಿಕ್ಕಿದಷ್ಟೂ ಅದು ಮುಂದುವರಿಯುತ್ತದೆ, ಹಿಂದಕ್ಕೆ ಬರುವುದೇ ಇಲ್ಲ. ಸೋಜಿಗವೇನೆಂದರೆ, ಇದೇ ಕುಗ್ಗನ್ನು ಬೇಕೆಂದೇ ಬರಿಸಿಕೊಂಡು ಸೊಗಸಾದ ಕೈಚೀಲಗಳನ್ನು ಮಾಡುವ ಹವ್ಯಾಸಿಗಳು ಅನೇಕರಿದ್ದಾರೆ. ಕಾಲುಚೀಲಕ್ಕೆ ಮೃತ್ಯುವಾದದ್ದು ಕೈಚೀಲಕ್ಕೆ ಜೀವಾಳವಾಗುವುದು ಹೇಗೆ? ಇದನ್ನು ತಿಳಿಯಬೇಕಾದರೆ ಉಣ್ಣೆಯ ಎಳೆಯೊಂದನ್ನು ಹತ್ತಿರದಿಂದ ನೋಡಬೇಕು.

ಉಣ್ಣೆ, ಕೂದಲು, ಉಗುರು, ಕೊಂಬು ಇವೆಲ್ಲವೂ ಕೆರಾಟಿನ್ ಎಂಬ ಒಂದೇ ಬಗೆಯ ಪ್ರೋಟೀನಿನಿಂದ ಆದುವು. ಮೆರಿನೋ ಕುರಿಯ ನಯವಾದ ಎಳೆಯ ದಪ್ಪ ಸುಮಾರು 20 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರ ಮೈಮೇಲೆ ಸಣ್ಣ ಸಣ್ಣ ಹುರುಪೆಗಳು, ಮಾಡಿನ ಮೇಲೆ ಹೆಂಚು ಹೊದಿಸಿದಂತೆ, ಒಂದರ ಮೇಲೊಂದು ಒರಗಿಕೊಂಡಿರುವುದು ಕಾಣುತ್ತದೆ. ಈ ಹುರುಪೆಗಳ ಅಂಚುಗಳೆಲ್ಲ ಒಂದೇ ಕಡೆಗೆ, ಎಳೆಯ ತುದಿಯ ಕಡೆಗೆ, ಮುಖಮಾಡಿರುತ್ತವೆ. ಬುಡದಿಂದ ತುದಿಗೆ ಬೆರಳೆಳೆದರೆ ನುಣುಪು. ತುದಿಯಿಂದ ಬುಡಕ್ಕೆ ಎಳೆದರೆ ತಡೆ.

ಸೂಕ್ಷ್ಮದರ್ಶಕವಿಲ್ಲದ ವಾಚಕರು ನಿರಾಶರಾಗಬೇಕಾದುದಿಲ್ಲ. ತಲೆಯ ನೀಳವಾದ ಕೂದಲೊಂದನ್ನು ಬುಡಸಹಿತ ತೆಗೆದುಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವೆ ಉದ್ದುದ್ದಕ್ಕೆ ಹಿಡಿದು, ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ಉಜ್ಜಿರಿ. ಬೆರಳು ಎರಡೂ ಕಡೆಗೆ ಸಮವಾಗಿ ಚಲಿಸಿದರೂ ಕೂದಲು ಮಾತ್ರ ಒಂದೇ ದಿಕ್ಕಿಗೆ, ಬುಡ ಮುಂದಾಗಿ, ಹರಿದುಹೋಗುತ್ತದೆ. ಕೂದಲನ್ನು ತಿರುಗಿಸಿ ಹಿಡಿದರೆ ಚಲನೆಯೂ ತಿರುಗುತ್ತದೆ. ಗೋಧಿಯ ತೆನೆಯನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡ ಹಳ್ಳಿಯ ಹುಡುಗರಿಗೆ ಇದು ಹೊಸತಲ್ಲ: ಕೈ ಬೀಸುತ್ತ ನಡೆದಂತೆ ತೆನೆ ತಾನಾಗಿ ತೋಳಿನ ಮೇಲಕ್ಕೇರುತ್ತದೆ, ಕೆಳಕ್ಕೆ ಬಾ ಎಂದರೆ ಬರುವುದಿಲ್ಲ.

ಉಣ್ಣೆಯ ಕುಗ್ಗಿಗೂ ಈ ಹುರುಪೆಗಳಿಗೂ ಸಂಬಂಧವನ್ನು ಕಲ್ಪಿಸಿ ಬರೆದವನು ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೊಂಜ್, ವರ್ಷ 1790. ರೇಖಾಗಣಿತದಲ್ಲಿ ಹೆಸರಾದ ಮನುಷ್ಯ ಟೋಪಿ ಮಾಡುವವರ ಕಸುಬಿನ ಕಡೆಗೂ ಕಣ್ಣು ಹಾಯಿಸಿದ್ದು ಆ ಕಾಲದ ವಿದ್ವತ್ತಿನ ಹಿರಿಮೆಯೆಂದೇ ಹೇಳಬೇಕು. ಆತನ ವಿವರಣೆಯ ತಿರುಳು ಇಂದಿಗೂ ನಿಂತಿದೆ. ಒದ್ದೆಯಾದ ಉಣ್ಣೆಯನ್ನು ತಿಕ್ಕಿದಾಗ ಪ್ರತಿಯೊಂದು ಎಳೆಯೂ ಬುಡ ಮುಂದಾಗಿ ಸ್ವಲ್ಪ ಸ್ವಲ್ಪವೇ ತೆವಳುತ್ತದೆ. ಹಿಂದಕ್ಕೆ ಸರಿಯಲು ಹುರುಪೆಗಳು ಬಿಡುವುದಿಲ್ಲ. ಸಾವಿರಾರು ಎಳೆಗಳು ಹೀಗೆ ತಂತಮ್ಮ ದಿಕ್ಕಿಗೆ ತೆವಳುತ್ತ, ನೆರೆಯ ಎಳೆಗಳ ಸುತ್ತ ಸುತ್ತಿಕೊಂಡು, ಬಿಡಿಸಲಾಗದ ಗೋಜಲಾಗಿ ಒತ್ತೊತ್ತಾಗುತ್ತವೆ. ಹೀಗೆ ಹೆಪ್ಪುಗಟ್ಟಿದ ಉಣ್ಣೆಯೇ ಫೆಲ್ಟು. ಹಾಲು ಮೊಸರಾದ ಮೇಲೆ ಮರಳಿ ಹಾಲಾಗುವುದುಂಟೆ?

ನೀರು, ಶಾಖ, ಸಾಬೂನು ಇವು ಈ ಕಾರ್ಯಕ್ಕೆ ಸಹಾಯಕಗಳು. ನೀರು ಹೀರಿದ ಉಣ್ಣೆಯ ಎಳೆ ಮೃದುವಾಗಿ, ತನ್ನ ಉದ್ದದ ಮೂರರಲ್ಲೊಂದು ಪಾಲಿನಷ್ಟು ಹಿಗ್ಗಿ ಮತ್ತೆ ಮೊದಲಿನಂತಾಗಬಲ್ಲದು. ಕೆರಾಟಿನ್ನಿನ ಅಣುಗಳು ಸುರುಳಿಯಾಗಿ ಮಡಿಸಿಕೊಂಡಿರುವುದೇ ಇದಕ್ಕೆ ಕಾರಣ. ಎಳೆದಾಗ ಅಣುರಚನೆಯೂ ಬದಲಾಗುತ್ತದೆಂಬುದನ್ನು 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ವಿಲಿಯಂ ಆಸ್ಟ್‌ಬರಿ ಕ್ಷ-ಕಿರಣಗಳಿಂದ ತೋರಿಸಿಕೊಟ್ಟರು. ಹಿಗ್ಗಿ ಕುಗ್ಗುವ ಎಳೆ ಹೆಚ್ಚು ದೂರ ತೆವಳುತ್ತದೆ. ಸಾಬೂನು ಜಾರಿಕೆಯನ್ನೊದಗಿಸಿ, ತನ್ನ ಕ್ಷಾರಗುಣದಿಂದ ಎಳೆಯನ್ನು ಇನ್ನಷ್ಟು ಉಬ್ಬಿಸುತ್ತದೆ. ಬಿಸಿನೀರಿನಿಂದ ತಣ್ಣೀರಿಗೆ ಹಠಾತ್ತನೆ ಅದ್ದಿದರೆ ಉಣ್ಣೆ ‘ಬೆಚ್ಚಿಬಿದ್ದು’ ಕುಗ್ಗುತ್ತದೆಂದು ಹಲವರು ನಂಬಿರುವುದುಂಟು. ಮುಖ್ಯಕಾರಣ ಅದಲ್ಲ, ತಿಕ್ಕುವಿಕೆಯೇ. ಬಿಸಿನೀರಿನಲ್ಲಿ ಅಲುಗಿಸದೆ ಇಟ್ಟ ಉಣ್ಣೆ ಫೆಲ್ಟಾಗುವುದಿಲ್ಲ.

ಫೆಲ್ಟಿನ ವಿದ್ಯೆ ಬಹು ಪುರಾತನವಾದುದು. ಸೈಬೀರಿಯದ ಅಲ್ತಾಯ್ ಪರ್ವತಗಳಲ್ಲಿ ಪಾಜಿರಿಕ್ ಎಂಬಲ್ಲಿನ ಸಮಾಧಿಗಳನ್ನು ರಷ್ಯದ ಪುರಾತತ್ತ್ವಜ್ಞ ಸೆರ್ಗೆಯ್ ರುದೆಂಕೊ ಅಗೆಸಿದಾಗ, ಹಿಮದಲ್ಲಿ ಕೆಡದೆ ಉಳಿದಿದ್ದ ದೊಡ್ಡ ಫೆಲ್ಟಿನ ಗೋಡೆಪರದೆಯೊಂದು ದೊರೆಯಿತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಪರದೆ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಕಾಶ್ಮೀರದ ನಮದಾ ಜಮಖಾನೆಯೂ ಇದೇ ಕುಲದ್ದು. ಈ ಕಸುಬಿನ ಚರಿತ್ರೆಯಲ್ಲಿ ಒಂದು ಕರಾಳ ಪುಟವೂ ಇದೆ. ಮೊಲದ ತುಪ್ಪಳು ಕುರಿಯ ಉಣ್ಣೆಯಷ್ಟು ಸುಲಭವಾಗಿ ಹೆಪ್ಪುಗಟ್ಟದ ಕಾರಣ, ಟೋಪಿ ತಯಾರಿಸುವವರು ಅದಕ್ಕೆ ಪಾದರಸದ ಲವಣವನ್ನು ಹಚ್ಚುತ್ತಿದ್ದರು. ಅದರ ಆವಿಯನ್ನು ಉಸಿರಾಡಿದ ಕೆಲಸಗಾರರ ಕೈಕಾಲುಗಳು ನಡುಗತೊಡಗಿ, ಬುದ್ಧಿಯೂ ಕೆಡುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರಲ್ಲಿ.

ಇನ್ನು ಹೆಣಿಗೆಯ ವಿಚಾರ. ಕ್ರೋಶಾ ಎಂಬುದು ಸಣ್ಣ ಕೊಕ್ಕೆ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದುದು. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕಣ್ಣುಗಳೆಲ್ಲ ಕಡ್ಡಿಯ ಮೇಲೆ ಸಾಲಾಗಿ ಕಾದಿರುತ್ತವೆ. ಕ್ರೋಶಾದಲ್ಲಾದರೋ ಒಂದು ಕಣ್ಣು ಪೂರ್ತಿಯಾಗಿ ಮುಗಿದ ಮೇಲೆಯೇ ಮುಂದಿನದು; ಕೊಕ್ಕೆಯ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಕುಣಿಕೆ ಉಳಿದಿರುತ್ತದೆ. 1840ರ ದಶಕದ ಘೋರ ಕ್ಷಾಮದಲ್ಲಿ ಐರ್ಲೆಂಡಿನ ಎಷ್ಟೋ ಮನೆಗಳ ಒಲೆ ಉರಿದದ್ದು ಹೆಂಗಸರು ಈ ಕೊಕ್ಕೆಯಿಂದ ಹೆಣೆದು ಮಾರಿದ ಲೇಸಿನಿಂದ. ನೆರೆಯ ಆಂಧ್ರದ ನರಸಾಪುರದ ಲೇಸಿನ ಕಸುಬು ಕೂಡ ಹತ್ತೊಂಬತ್ತನೆಯ ಶತಮಾನದಲ್ಲಿ ಪಾದ್ರಿಗಳ ಮೂಲಕ ಬಂದುದೇ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, ಹೆಬ್ಬೆರಳಿಗೆ ಬೇರೆ ಗೂಡುಳ್ಳ ಕೆಂಪು ಕಾಲುಚೀಲಗಳ ಚಿತ್ರವನ್ನು ತೋರಿಸಿ ‘ಇದೇ ಅತಿ ಹಳೆಯ ಕ್ರೋಶಾ’ ಎನ್ನುವವರಿದ್ದಾರೆ. ಅದು ತಪ್ಪು. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದಿನ ಆ ಚೀಲಗಳು ಕಣ್ಣುಳ್ಳ ಒಂದೇ ಸೂಜಿಯಿಂದ, ತುಂಡು ತುಂಡು ನೂಲನ್ನು ಕುಣಿಕೆಗಳೊಳಗೆ ಪೂರ್ತಿಯಾಗಿ ಎಳೆದು ಮಾಡಿದುವು, ಕೊಕ್ಕೆಯ ಕೆಲಸವಲ್ಲ.

ಒಂದೊಂದು ಕಣ್ಣೂ ಗಂಟಿನಂತೆ ಬಿಗಿದುಕೊಳ್ಳುವುದರಿಂದ ಕ್ರೋಶಾ ಬಟ್ಟೆ ದಪ್ಪ; ಹಿಗ್ಗು ಕಡಮೆ; ನೂಲೂ ಹೆಚ್ಚು ಬೇಕು. ಕೈಚೀಲಕ್ಕೆ ಇದು ಗುಣ, ಕಾಲುಚೀಲಕ್ಕೆ ದೋಷ. ಹೇಗೆಂದರೆ: ಕಣಕಾಲಿನ ಸುತ್ತಳತೆ 22 ಸೆಂಟಿಮೀಟರ್ ಇರುವವರ ಹಿಮ್ಮಡಿಯಿಂದ ಮೇಲುಪಾದದವರೆಗೆ ಓರೆಯಾಗಿ ಅಳೆದರೆ 31ರಷ್ಟು ಇರಬಹುದು. ಕಾಲುಚೀಲದ ಕತ್ತು ಈ 31ನ್ನು ದಾಟಿ, ಮೇಲೇರಿ, ಮತ್ತೆ 22ಕ್ಕೆ ಬಿಗಿಯಾಗಿ ಕುಳಿತುಕೊಳ್ಳಬೇಕು. ಎಂದರೆ ನೂರಕ್ಕೆ ನಲವತ್ತರಷ್ಟು ಹಿಗ್ಗು ಬೇಕು. ಸಾಧಾರಣ ಕ್ರೋಶಾ ಇಷ್ಟು ಹಿಗ್ಗಲಾರದು. ಆದುದರಿಂದ ಅನುಭವಿಗಳು ತೆಳುವಾದ ನೂಲನ್ನು ಹಿಡಿದು, ಕತ್ತಿನ ಭಾಗವನ್ನು ಅಡ್ಡಲಾಗಿ ಪಟ್ಟಿಯಂತೆ, ಪ್ರತಿ ಸಾಲಿನಲ್ಲಿಯೂ ಕಣ್ಣಿನ ಹಿಂದಿನ ಎಳೆಯನ್ನು ಮಾತ್ರ ಎತ್ತಿಕೊಂಡು ಹೆಣೆಯುತ್ತಾರೆ. ಆಗ ಬಟ್ಟೆ ಮಡಿಕೆ ಮಡಿಕೆಯಾಗಿ ಹಾರ್ಮೋನಿಯಮ್ಮಿನ ತಿದಿಯಂತೆ ಹಿಗ್ಗುತ್ತದೆ. ಈ ಪಟ್ಟಿಯನ್ನು ಸುತ್ತಿ ಕೂಡಿಸಿ, ಅದರ ಅಂಚಿನಿಂದ ಉಳಿದ ಕಾಲುಚೀಲವನ್ನು ಸುತ್ತುಸುತ್ತಾಗಿ ಇಳಿಸಬಹುದು. ಹಿಮ್ಮಡಿಯನ್ನು ಕೊನೆಗೆ ಬೇರೆಯಾಗಿ ಹೆಣೆದು ಕೂಡಿಸಿದರೆ, ಸವೆದಾಗ ಅದೊಂದನ್ನೇ ಬಿಚ್ಚಿ ಬದಲಾಯಿಸುವ ಅನುಕೂಲ ಉಂಟು. ನನ್ನ ತಾಯಿಯವರು ಮಾಡುತ್ತಿದ್ದುದು ಹೀಗೆಯೇ.

ಅವರಿಗೆ ಸಿಕ್ಕದೆ ಹೋದದ್ದು ಕುಗ್ಗದ ಉಣ್ಣೆ. ಅಂಗಡಿಯಲ್ಲಿ ‘ಸೂಪರ್‌ವಾಷ್’ ಎಂಬ ಚೀಟಿ ಹೊತ್ತು ಬರುವ ನೂಲಿನ ಹುರುಪೆಗಳ ಅಂಚುಗಳನ್ನು ಮೊದಲು ಕ್ಲೋರಿನ್ನಿನಿಂದ ಕೊರೆದು, ಆಮೇಲೆ ತೆಳುವಾದ ರಾಳದ ಲೇಪವನ್ನು ಕೊಟ್ಟಿರುತ್ತಾರೆ. ಹುರುಪೆಗಳು ಮುಚ್ಚಿಹೋದುದರಿಂದ ಎಳೆ ಎರಡೂ ಕಡೆಗೆ ಒಂದೇ ಸಮನಾಗಿ ಜಾರುತ್ತದೆ, ತೆವಳಿಕೆ ನಿಲ್ಲುತ್ತದೆ. ಕಾಲುಚೀಲದ ನೂಲಿನಲ್ಲಿ ನೂರಕ್ಕೆ ಇಪ್ಪತ್ತು, ಇಪ್ಪತ್ತೈದರಷ್ಟು ನೈಲಾನ್ ಬೆರೆಸಿರುವುದು ಸವೆತವನ್ನು ತಡೆಯುವುದಕ್ಕಾಗಿ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿದರೂ ಮೈಗೆ ಒದ್ದೆಯೆನಿಸುವುದಿಲ್ಲ. ಬೆವರುವ ಕಾಲಿಗೆ ಅದಕ್ಕಿಂತ ಹಿತವಾದುದು ಅಪರೂಪ.

ಈ ಸೂಪರ್‌ವಾಷ್ ನೂಲನ್ನು ತಿಳಿಯದೆ ಕೈಚೀಲಕ್ಕೆ ಹಿಡಿದವರ ಪಾಡು ನನ್ನ ಪಾಡಿನ ತಿರುಗುಮುರುಗು: ಗಂಟೆಗಟ್ಟಲೆ ತಿಕ್ಕಿದರೂ ಚೀಲ ಜೋಲುಬಿದ್ದ ಹೆಣಿಗೆಯಾಗಿಯೇ ಉಳಿಯುತ್ತದೆ. ಮುಂಚಿತವಾಗಿ ಪರೀಕ್ಷಿಸುವ ಉಪಾಯ ಸುಲಭ. ನೂಲಿನ ಎರಡು ತುಂಡುಗಳ ತುದಿಗಳನ್ನು ಹಿಂಜಿ, ಒಂದರ ಮೇಲೊಂದಿಟ್ಟು, ಬಿಸಿನೀರಿನಿಂದ ತೇವಮಾಡಿ, ಅಂಗೈಗಳ ನಡುವೆ ಬಿರುಸಾಗಿ ಹೊಸೆಯಿರಿ. ತುದಿಗಳು ಬೆಸೆದು ಒಂದಾದರೆ ಆ ನೂಲು ಫೆಲ್ಟಿಗೆ ಯೋಗ್ಯ. ಅಚ್ಚಬಿಳಿಯ ನೂಲನ್ನಂತೂ ತಪ್ಪದೆ ಪರೀಕ್ಷಿಸಬೇಕು. ಚಲುವೆ ಮಾಡಿದ ಉಣ್ಣೆ ಒಮ್ಮೊಮ್ಮೆ ಹೆಪ್ಪುಗಟ್ಟುವುದಿಲ್ಲ.

ಚೀಲಕ್ಕೆ ಸಡಿಲವಾಗಿ ಹೆಣೆಯಬೇಕು. ಎಳೆಗಳು ತೆವಳಲು ಎಡೆ ಬೇಕಷ್ಟೆ. ಆದುದರಿಂದ ನೂಲಿಗೆ ರೂಢಿಯಲ್ಲಿರುವುದಕ್ಕಿಂತ ದಪ್ಪನೆಯ ಕೊಕ್ಕೆ, ಹುರಿ ಕಡಮೆಯಿರುವ ನೂಲು. ಎಷ್ಟು ದೊಡ್ಡದಾಗಿ ಹೆಣೆಯಬೇಕೆಂಬುದನ್ನು ಊಹೆಗೆ ಬಿಡಬಾರದು. ಅದೇ ನೂಲು, ಅದೇ ಕೊಕ್ಕೆಯಿಂದ 20 ಸೆಂಟಿಮೀಟರಿನ ಚೌಕವೊಂದನ್ನು ಹೆಣೆದು ಫೆಲ್ಟು ಮಾಡಿ ಅಳೆಯಿರಿ. ಅಗಲ 16, ಎತ್ತರ 14 ಆಯಿತೆನ್ನಿ. ಅಗಲ ಹತ್ತರಲ್ಲಿ ಎಂಟು ಪಾಲು, ಎತ್ತರ ಹತ್ತರಲ್ಲಿ ಏಳು ಪಾಲು ಉಳಿದಂತಾಯಿತು. 32 ಅಗಲ, 35 ಎತ್ತರದ ಚೀಲ ಬೇಕಾದರೆ 40 ಅಗಲ, 50 ಎತ್ತರಕ್ಕೆ ಹೆಣೆಯಬೇಕು. ಉಣ್ಣೆಯ ತೂಕ ಕಡಮೆಯಾಗದೆ ವಿಸ್ತಾರ ಮಾತ್ರ ನೂರರಿಂದ ಐವತ್ತಾರಕ್ಕೆ ಇಳಿಯುವುದರಿಂದ, ಚದರ ಸೆಂಟಿಮೀಟರೊಂದಕ್ಕೆ ಉಣ್ಣೆ ಹೆಚ್ಚು ಕಡಮೆ ಒಂದೂಮುಕ್ಕಾಲು ಪಟ್ಟಾಗುತ್ತದೆ. ಫೆಲ್ಟಿನ ಚೀಲಕ್ಕೆ ಒಳಗಿನ ಅಸ್ತರಿಯಿಲ್ಲದೆಯೇ ನಿಲ್ಲುವ ಬಿಗುವು ಬರುವುದು ಇದರಿಂದಲೇ.

ಚೀಲವನ್ನು ದಿಂಬಿನ ಗೌಸಿನೊಳಗೆ ಕಟ್ಟಿ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಬಹುದು. ಗೌಸು ಬೇಡವೆಂದರೆ ಉದುರಿದ ಜುಂಗು ಯಂತ್ರದ ಕೊಳವೆಯನ್ನು ಕಟ್ಟುತ್ತದೆ. ಕೈಯಿಂದ ಮಾಡುವವರು ಕೈ ತಾಳುವಷ್ಟು ಬಿಸಿಯ ಸಾಬೂನುನೀರಿನಲ್ಲಿ, ಉಬ್ಬುಗೆರೆಯ ಹಲಗೆಯ ಮೇಲೆ ಉಜ್ಜಲಿ. ಐದೈದು ನಿಮಿಷಕ್ಕೊಮ್ಮೆ ತೆಗೆದು ನೋಡುವುದು ಅವಶ್ಯ. ಮೊದಲು ಏನೂ ಆಗದಂತೆ ತೋರಿ, ಆಮೇಲೆ ಸರಸರನೆ ಕುಗ್ಗತೊಡಗುತ್ತದೆ. ಕಣ್ಣುಗಳು ಮರೆಯಾದೊಡನೆ ಸಾಬೂನು ಹೋಗುವವರೆಗೆ ಜಾಲಿಸಿ, ಕೊನೆಯ ನೀರಿಗೆ ಸ್ವಲ್ಪ ವಿನಿಗರ್ ಬೆರೆಸಿ, ಒಳಗೆ ಪಾತ್ರೆಯನ್ನೋ ಪುಸ್ತಕದ ಕಟ್ಟನ್ನೋ ಇಟ್ಟು ನೆರಳಿನಲ್ಲಿ ಒಣಗಿಸಿದರೆ, ಕೊಟ್ಟ ಆಕಾರದಲ್ಲಿಯೇ ನಿಲ್ಲುತ್ತದೆ.

ಇಷ್ಟೆಲ್ಲ ಬರೆಯುವಾಗ ಚಿತ್ರದುರ್ಗದ ಕಡೆಯ ಕುರಿಮಂದೆಗಳು ನೆನಪಾಗದಿರುವುದು ಸಾಧ್ಯವಿಲ್ಲ. ನಮ್ಮ ದಖ್ಖನಿ ಕುರಿಯ ಉಣ್ಣೆಯಿಂದ ಕುರುಬರು ನೂತು, ಹುಣಸೆಬೀಜದ ಗಂಜಿ ಹಾಕಿ ನೇಯುತ್ತ ಬಂದ ಕಂಬಳಿ ಮಳೆಗೂ ಚಳಿಗೂ ಹೊದಿಕೆಯಾಗಿತ್ತು. ಕಂಬಳಿಯ ಗಿರಾಕಿ ಕಡಮೆಯಾದಂತೆ, ಕತ್ತರಿಸಿದ ಉಣ್ಣೆಯನ್ನು ಕೊಳ್ಳುವವರಿಲ್ಲದೆ ಹಲವೆಡೆ ಬೀಸಾಡುತ್ತಿದ್ದಾರೆ. ಈ ಎಳೆ ಒರಟು. ದಪ್ಪ 35 ಮೈಕ್ರಾನಿಗೂ ಹೆಚ್ಚು. ನಡುವೆ ಪೊಳ್ಳಿರುವ ಕೂದಲಿನಂಥ ಎಳೆಗಳೂ ಧಾರಾಳವಾಗಿ ಬೆರೆತಿರುತ್ತವೆ. ಕಾಲುಚೀಲಕ್ಕೆ ಹಿಡಿದರೆ ತುರಿಕೆಯೇ ಫಲ. ಕೈಚೀಲಕ್ಕೆ ಹಾಗಲ್ಲ. ಕೈಯಿಂದ ನೂತ ಕಪ್ಪು ನೂಲಿನ ಚೌಕವೊಂದನ್ನು ನಾನು ಹೆಣೆದು ತಿಕ್ಕಿ ನೋಡಿದೆ. ಮೆರಿನೋ ಹತ್ತು ನಿಮಿಷದಲ್ಲಿ ಮಾಡಿದ ಕೆಲಸಕ್ಕೆ ಇದು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಕುಗ್ಗಿದ್ದೂ ಕಡಮೆ, 20 ಇದ್ದುದು 17ಕ್ಕೆ ನಿಂತಿತು. ಮೈಮೇಲೆ ಕೂದಲು ಎದ್ದಿತು. ಆದರೆ ಬಟ್ಟೆ ಬಲವಾಗಿ ಬಂತು, ಬಣ್ಣ ಹಾಕದೆಯೇ ಇದ್ದಿಲಿನಂಥ ಕಪ್ಪು. ನೂರಕ್ಕೆ ಮೂವತ್ತರಷ್ಟು ಮೆರಿನೋ ಬೆರೆಸಿ ನೂತರೆ ಬೇಗ ಹೆಪ್ಪುಗಟ್ಟಬೇಕೆಂದು ನನ್ನ ಎಣಿಕೆ. ಅದಕ್ಕಾಗಿ ನೂಲು ನೂಲಿಸಲು ಕೊಟ್ಟಿದ್ದೇನೆ. ಅಮ್ಮನ ಕಾಲುಚೀಲಗಳ ಪೈಕಿ ಒಂದಕ್ಕೆ ಬಾಯಿಗೆ ಗುಂಡಿ ಹೊಲಿಸಿದ್ದೇನೆ. ಈಗ ಅದರಲ್ಲಿ ನನ್ನ ಕನ್ನಡಕ ಇರುತ್ತದೆ.