ನಿಂತರೇ ಚಳಿ

ಜನವರಿಯಲ್ಲಿ ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆ ಗುಡ್ಡಗಳ ಮೇಲೆ ಸೈಕಲ್ ಹೊಡೆಯುವವರಿಗೆ ಚಳಿ ಹತ್ತುವುದು ನಿಂತಾಗ. ಇಲ್ಲಿನ ಒಂದು ಕ್ಲಬ್ಬಿನವರ ಜೊತೆ ಹಲವು ಚಳಿಗಾಲದ ಭಾನುವಾರಗಳನ್ನು ಕಳೆದ ಮೇಲೆ ನನಗೆ ಗಟ್ಟಿಯಾಗಿ ಗೊತ್ತಿರುವ ಸಂಗತಿ ಇದೊಂದೇ. ಉಳಿದ ಪಾಠಗಳೆಲ್ಲ ಇದರಿಂದಲೇ ಹುಟ್ಟಿದವು. ಏನು ತೊಡಬೇಕು, ಎಷ್ಟು ವೇಗ ಸಾಕು, ಜೇಬಿನಲ್ಲಿ ಏನಿರಬೇಕು, ಪಂಕ್ಚರ್ ಆದರೆ ಯಾರು ಏನು ಮಾಡಬೇಕು, ಚಹಾಕ್ಕೆ ಎಲ್ಲಿ ಇಳಿಯಬೇಕು, ಇವೆಲ್ಲ ತೀರ್ಮಾನವಾಗುವುದು ಗುಂಪು ಎಷ್ಟು ಕಡಿಮೆ ಹೊತ್ತು ನಿಲ್ಲುತ್ತದೆ ಎನ್ನುವುದರ ಮೇಲೆ.

ನಾನು ವಿಜಯಪುರದವಳು, ಸೈಕಲ್ ನನಗೆ ಹೊಸದಲ್ಲ. ಬೆಳಕು ಹರಿಯುವ ಮುಂಚೆ ಕ್ರೀಡಾ ವಸತಿ ನಿಲಯದ ಹುಡುಗ ಹುಡುಗಿಯರು ಹೆದ್ದಾರಿಯ ಅಂಚಿನಲ್ಲಿ ಸಾಲುಗಟ್ಟಿ ಹೋಗುವುದನ್ನು ನೋಡುತ್ತಲೇ ಬೆಳೆದೆ. ವಿಜಯಪುರ, ಬಾಗಲಕೋಟೆಯ ಸೀಮೆ ನಾಡಿಗೆ ಎಷ್ಟೋ ಸೈಕಲ್ ಪಟುಗಳನ್ನು ಕೊಟ್ಟಿದೆ. ಅಲ್ಲಿನ ಡಿಸೆಂಬರ್ ಮುಂಜಾವಿಗೆ ಒಂದು ಸ್ವೆಟರು, ಕಿವಿ ಮುಚ್ಚಲು ಒಂದು ಮಫ್ಲರು ಸಾಕು. ಹೊತ್ತೇರಿದ ಹಾಗೆ ಅದನ್ನೂ ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳಬಹುದು. ಇಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ತಾಸಿಗಿಂತ ಕಡಿಮೆ. ಜನವರಿ ಮೊದಲ ವಾರ ಸೂರ್ಯ ಹುಟ್ಟುವುದೇ ಎಂಟು ಗಂಟೆ ಹೊಡೆದ ಮೇಲೆ, ಹುಟ್ಟಿದರೂ ಎಷ್ಟೋ ದಿನ ಮೋಡದ ಹಿಂದೆಯೇ ಇದ್ದು ಮುಳುಗುತ್ತಾನೆ.

“ಇಷ್ಟ ಥಂಡ್ಯಾಗ ಸೈಕಲ್ ಯಾಕ ಹೊಡೀತಿ ಯವ್ವಾ, ಬ್ಯಾಸಿಗಿ ಬರೂತನಕಾ ಕಾಯಾಕ ಬರೂದಿಲ್ಲೇನ?” ಎಂದು ಅವ್ವ ಫೋನಿನಲ್ಲಿ ಕೇಳುತ್ತಾಳೆ. ಜೂನಿನಲ್ಲಿ ನೂರಾ ಅರವತ್ತು ಕಿಲೋಮೀಟರ್ ಹೋಗಬೇಕಾದ ಕಾಲು ಜನವರಿಯಲ್ಲಿ ತಯಾರಾಗುತ್ತದೆ ಅಂತ ನಾನು ಹೇಳುತ್ತೇನೆ. ಇಂಗ್ಲೆಂಡಿನ ರೇಸು, ದೊಡ್ಡ ಸವಾರಿಗಳ ಹಂಗಾಮು ಮಾರ್ಚಿಯಲ್ಲಿ ಕಣ್ಣು ಬಿಡುತ್ತದೆ. ಅದಕ್ಕೆ ಮುಂಚಿನ ಎರಡು ಮೂರು ತಿಂಗಳು ತಳಪಾಯದ ಕೆಲಸ: ಹೆಚ್ಚು ಹೊತ್ತು, ಹಗುರ ಶ್ರಮ. ನಾರ್ವೆಯಲ್ಲಿ ನೆಲೆಸಿರುವ ವ್ಯಾಯಾಮ ವಿಜ್ಞಾನಿ ಸ್ಟೀಫನ್ ಸೈಲರ್ ಸ್ಕೀಯಿಂಗ್, ದೋಣಿ ಸ್ಪರ್ಧೆ, ದೂರದ ಓಟ, ಸೈಕ್ಲಿಂಗ್‌ಗಳ ಮೇಲ್ಮಟ್ಟದ ಪಟುಗಳ ದಿನಚರಿಗಳನ್ನು ಪರಿಶೀಲಿಸಿ, ಅವರ ತರಬೇತಿಯಲ್ಲಿ ಶೇ. 80ರಷ್ಟು ಪಾಳಿಗಳು ಹಗುರವಾದವೇ ಎಂದು ತೋರಿಸಿದರು. ಸ್ನಾಯುಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹೆಚ್ಚುವುದು, ಕೊಬ್ಬನ್ನು ಇಂಧನವಾಗಿ ಉರಿಸುವ ಶಕ್ತಿ ಬೆಳೆಯುವುದು ಇಂಥ ಹಗುರ ತಾಸುಗಳಲ್ಲಿ. ನಮ್ಮ ಕ್ಲಬ್ಬಿನಲ್ಲಿ ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಬರಬೇಕು. ಮಾತು ತುಂಡಾಯಿತೆಂದರೆ ಮುಂದಿರುವವರು ವೇಗ ಇಳಿಸುತ್ತಾರೆ.

ಈ ನಿಧಾನಕ್ಕೆ ಚಳಿಯ ಕಡೆಯಿಂದಲೂ ಒಂದು ಕಾರಣವಿದೆ. ಯಾವ ತರಬೇತಿ ಪುಸ್ತಕಕ್ಕಿಂತಲೂ ಚೆನ್ನಾಗಿ ಅದನ್ನು ನನಗೆ ತಿಳಿಸಿಕೊಟ್ಟದ್ದು ಬಾಕ್ಸ್ ಹಿಲ್. 2012ರ ಒಲಿಂಪಿಕ್ಸ್ ರಸ್ತೆ ಸ್ಪರ್ಧೆಯಲ್ಲಿ ಗಂಡಸರು ಒಂಬತ್ತು ಸುತ್ತು, ಹೆಂಗಸರು ಎರಡು ಸುತ್ತು ಹತ್ತಿದ ಗುಡ್ಡ ಇದೇ. ಎರಡೂವರೆ ಕಿಲೋಮೀಟರಿನ ಸುಲಭದ ಏರು, ನೂರು ಮೀಟರಿಗೆ ಸುಮಾರು ಐದು ಮೀಟರ್ ಎತ್ತರ, ತಿರುವುಗಳೂ ಸೊಗಸು. ಯಾರಿಗಾದರೂ ಜೋರಾಗಿ ಹತ್ತುವ ಆಸೆ ಬರುತ್ತದೆ. ಜೋರಾಗಿ ಹತ್ತಿದರೆ ಬೆವರು. ಬೆವರಿನಲ್ಲಿ ನೆಂದ ಒಳ ಅಂಗಿ ಹೊತ್ತು ತುದಿಯಲ್ಲಿ ಹಿಂದಿನವರಿಗಾಗಿ ಐದು ನಿಮಿಷ ಕಾದರೆ ಬೆನ್ನಿನ ಮೇಲೆ ತಣ್ಣೀರು ಬಟ್ಟೆ. ಮೇಲಿನ ಗಾಳಿಯಲ್ಲಿ ಹಲ್ಲು ಕಟಕಟ ಅನ್ನಲು ಅಷ್ಟೇ ಸಾಕು, ಆಮೇಲೆ ಇಳಿಜಾರಿನಲ್ಲಿ ಬ್ರೇಕು ಹಿಡಿಯಲು ಬೆರಳು ಕೇಳುವುದಿಲ್ಲ. ಬೆವರದಷ್ಟು ಶ್ರಮವೂ ತಳಪಾಯಕ್ಕೆ ಬೇಕಾದ ಶ್ರಮವೂ ಹೆಚ್ಚುಕಡಿಮೆ ಒಂದೇ ಮಟ್ಟದವು. ಚಳಿಗಾಲದಲ್ಲಿ ಈ ಎರಡೂ ಹೀಗೆ ಕೂಡಿಬರುವುದು ನನಗೆ ಪ್ರತಿ ವರ್ಷವೂ ಸಂತೋಷ ಕೊಡುತ್ತದೆ.

ಆದರೂ ಗುಂಪಿನಲ್ಲಿ ಎಲ್ಲರ ಕಾಲಿಗೂ ಒಂದೇ ಬಲವಿರುವುದಿಲ್ಲ. ಬೇಸಿಗೆಯಲ್ಲಿ ಗಟ್ಟಿಗರು ತುದಿಯಲ್ಲಿ ನಿಂತು ಕಾಯುತ್ತಾರೆ. ಡಿಸೆಂಬರಿನಿಂದ ಮಾರ್ಚಿವರೆಗೆ ನಮ್ಮಲ್ಲಿ ಹಾಗೆ ನಿಲ್ಲುವ ಪದ್ಧತಿಯಿಲ್ಲ. ಮೇಲೆ ತಲುಪಿದವರು ಸೈಕಲ್ ತಿರುಗಿಸಿ ಕೆಳಗಿಳಿದು, ಕೊನೆಯವರು ಸಿಕ್ಕಲ್ಲಿಂದ ಅವರ ಜೊತೆ ಮತ್ತೆ ಹತ್ತುತ್ತಾರೆ. ಗಟ್ಟಿಗರಿಗೆ ಹೆಚ್ಚಿನ ವ್ಯಾಯಾಮ, ಹಿಂದಿನವರಿಗೆ ಜೊತೆ, ಯಾರ ಮೈಯೂ ಆರುವುದಿಲ್ಲ. ಮೊದಲ ಚಳಿಗಾಲದಲ್ಲಿ ನನಗಾಗಿ ಹೀಗೆ ಇಳಿದು ಬಂದ ಎಪ್ಪತ್ತು ದಾಟಿದ ಹಿರಿಯರೊಬ್ಬರು ಪಕ್ಕದಲ್ಲಿ ಹತ್ತುತ್ತ ತಮ್ಮ ತೋಟದ ಕ್ಯಾರೆಟ್ಟಿನ ಕತೆ ಹೇಳಿದರು, ಏರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಸೌಜನ್ಯ ನನಗೆ ಇಂದಿಗೂ ದೊಡ್ಡದು.

ಬಟ್ಟೆಯ ವಿಚಾರ. ಶೂನ್ಯ ಡಿಗ್ರಿಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ಮುಖಕ್ಕೆ ಬಡಿಯುವ ಗಾಳಿಯ ಚಳಿ ಶೂನ್ಯಕ್ಕಿಂತ ಆರು ಡಿಗ್ರಿ ಕೆಳಗಿನದರಷ್ಟು. ಇದನ್ನು ಕೇಳಿದ ಹೊಸಬರು ಮನೆಯಲ್ಲಿರುವುದನ್ನೆಲ್ಲ ತೊಟ್ಟು ಬರುತ್ತಾರೆ. ಹೊರಟ ಮೊದಲ ಕಾಲು ತಾಸು ಸ್ವಲ್ಪ ಚಳಿ ಅನ್ನಿಸಿದರೆ ತೊಟ್ಟದ್ದು ಸರಿಯಾಗಿದೆ ಎಂದು ಅರ್ಥ. ಬಾಗಿಲಲ್ಲೇ ಬೆಚ್ಚಗಿದ್ದವರು ಮೊದಲ ಏರಿಗೆ ಬೆವರುತ್ತಾರೆ. ಮೈಗೆ ಅಂಟಿದ ತೆಳುವಾದ ಉಣ್ಣೆಯ ಬನಿಯನ್, ಅದರ ಮೇಲೆ ದಪ್ಪ ಜರ್ಸಿ, ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ತೋಳಿಲ್ಲದ ಜಾಕೆಟ್ಟು. ಹತ್ತಿ ಬಟ್ಟೆ ಮಾತ್ರ ಬೇಡ, ಅದು ಬೆವರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಕಾಲಿಗೆ ಎರಡು ಕಾಲುಚೀಲ ಹಾಕಿ ಬೂಟು ಬಿಗಿಯಾದರೆ ರಕ್ತ ಓಡಾಡದೆ ಪಾದ ಇನ್ನಷ್ಟು ಸೆಟೆಯುತ್ತದೆ, ಒಂದೇ ಉಣ್ಣೆಯ ಚೀಲ ತೊಟ್ಟು ಬೂಟಿನ ಮೇಲೆ ಹೊದಿಕೆ ಹಾಕುವುದು ಲೇಸು. ಮೇಲೆ ಹೇಳಿದ ಹಿರಿಯರು ಉದ್ದದ ಇಳಿಜಾರಿಗೆ ಮುಂಚೆ ಹಳೆಯ ದಿನಪತ್ರಿಕೆಯ ಹಾಳೆಯನ್ನು ಜರ್ಸಿಯೊಳಗೆ ಎದೆಗೆ ಸೇರಿಸಿಕೊಳ್ಳುತ್ತಾರೆ. ಟೂರ್ ಡಿ ಫ್ರಾನ್ಸ್‌ನ ಸವಾರರು ಆಲ್ಪ್ಸ್ ತುದಿಗಳಲ್ಲಿ ಪ್ರೇಕ್ಷಕರಿಂದ ಪೇಪರು ಇಸಿದುಕೊಂಡು ಮಾಡುತ್ತಿದ್ದದ್ದೂ ಇದನ್ನೇ. ನಾನೂ ಮಾಡಿ ನೋಡಿದ್ದೇನೆ, ಗಾಳಿ ಒಳಗೆ ಬರುವುದಿಲ್ಲ.

ಪಂಕ್ಚರ್ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಚಳಿಗಾಲದಲ್ಲಿ ಗುಂಪನ್ನು ನಿಲ್ಲಿಸುವುದು ಹೆಚ್ಚಾಗಿ ಅದೇ. ವಿಜಯಪುರದಲ್ಲಿ ಟ್ಯೂಬಿನ ವೈರಿ ಜಾಲಿ ಮುಳ್ಳು, ಇಲ್ಲಿ ಚಕಮಕಿ ಕಲ್ಲು. ಬಾಕ್ಸ್ ಹಿಲ್ ಸೇರಿದ ನಾರ್ತ್ ಡೌನ್ಸ್ ಸಾಲು ಪೂರ್ತಿ ಮೆತ್ತನೆಯ ಬಿಳಿ ಸುಣ್ಣಕಲ್ಲು, ಅದರ ಹೊಟ್ಟೆಯಲ್ಲಿ ಚಕಮಕಿಯ ಗಟ್ಟಿ ಉಂಡೆಗಳು. ಮಳೆಗೆ ಸುಣ್ಣ ಕರಗಿ ಹರಿದಾಗ ಒಡೆದ ಚಕಮಕಿಯ ಚೂರುಗಳು ಓಣಿಯಂಥ ಸಣ್ಣ ರಸ್ತೆಗಳ ಮೇಲೆ ಹರಡುತ್ತವೆ. ಅಂಚು ಬ್ಲೇಡಿನಷ್ಟು ಹರಿತ. ಒಣ ರಬ್ಬರಿಗಿಂತ ನೆನೆದ ರಬ್ಬರು ಸುಲಭವಾಗಿ ಕೊಯ್ದುಹೋಗುತ್ತದೆ. ಸಾಲದ್ದಕ್ಕೆ ಚಳಿಗಾಲ ಎಂದರೆ ರೈತರು ಬೇಲಿ ಸವರುವ ಕಾಲವೂ ಹೌದು, ಹಾಥಾರ್ನ್ ಮುಳ್ಳಿನ ಕಡ್ಡಿಗಳು ದಾರಿಯುದ್ದಕ್ಕೂ ಬಿದ್ದಿರುತ್ತವೆ. ಗಾಳಿಯ ಒತ್ತಡವೂ ತಾನಾಗಿ ಇಳಿಯುತ್ತದೆ: ಬೆಚ್ಚನೆಯ ಮನೆಯಲ್ಲಿ 80 ಪಿಎಸ್‌ಐ ತುಂಬಿದ ಟೈರು ಶೂನ್ಯ ಡಿಗ್ರಿಯ ಹೊರಗಾಳಿಗೆ ಬಂದರೆ 74ರ ಹತ್ತಿರ ಬರುತ್ತದೆ.

“ಪಂಕ್ಚರ್” ಎಂಬ ಕೂಗು ಕೇಳಿದೊಡನೆ ನಮ್ಮಲ್ಲಿ ಕೆಲಸ ತಾನೇ ಹಂಚಿಕೆಯಾಗುತ್ತದೆ. ಒಬ್ಬರು ಗಾಲಿ ಕಳಚುತ್ತಾರೆ, ಇನ್ನೊಬ್ಬರು ಟೈರಿನ ಒಳಮೈ ತಡಕಿ ಕಲ್ಲಿನ ಚೂರು ಹುಡುಕುತ್ತಾರೆ, ಮೂರನೆಯವರು ಹೊಸ ಟ್ಯೂಬಿಗೆ ಅರೆಗಾಳಿ ತುಂಬಿ ಸಿದ್ಧವಿಡುತ್ತಾರೆ. ತೇಪೆ ಹಚ್ಚುವ ಮಾತೇ ಇಲ್ಲ, ಒದ್ದೆಯಲ್ಲಿ ಅಂಟು ಹಿಡಿಯುವುದಿಲ್ಲ. ಸಣ್ಣ ಸಿಲಿಂಡರಿನಿಂದ ಗಾಳಿ ಬಿಡುವವರು ಅದನ್ನು ಬರಿಗೈಯಲ್ಲಿ ಹಿಡಿಯಬಾರದು, ಅನಿಲ ಹೊರಬೀಳುವಾಗ ಲೋಹ ಹಿಮಗಟ್ಟುವಷ್ಟು ತಣ್ಣಗಾಗುತ್ತದೆ. ಉಳಿದವರು ಆ ಓಣಿಯಲ್ಲೇ ಮೇಲೆ ಕೆಳಗೆ ಸೈಕಲ್ ಹೊಡೆಯುತ್ತಲೇ ಇರುತ್ತಾರೆ. ಟೈರು ಯಾರದ್ದೋ ಅವರಿಗೆ ಅಂದು ಆ ಕೆಲಸವಿಲ್ಲ, ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗಿರಿಸಿಕೊಳ್ಳಬೇಕು. ಒಬ್ಬರಿಗೆ ಕಾಲು ತಾಸು ಹಿಡಿಯುವ ಕೆಲಸ ಮೂವರಿಗೆ ಬಹುಬೇಗ ಮುಗಿಯುತ್ತದೆ.

ಮಂಜುಗಡ್ಡೆಗೆ ಮಾತ್ರ ಇಂಥ ಉಪಾಯವಿಲ್ಲ. ರಾತ್ರಿ ಹಿಮ ಬೀಳುವ ಸೂಚನೆಯಿದ್ದರೆ ಇಲ್ಲಿ ಮುಖ್ಯ ರಸ್ತೆಗಳಿಗೆ ಕಲ್ಲುಪ್ಪು ಎರಚುತ್ತಾರೆ, ನಾವು ಹೋಗುವ ಸಣ್ಣ ರಸ್ತೆಗಳಿಗೆ ಆ ಭಾಗ್ಯವಿಲ್ಲ. ಲೀತ್ ಹಿಲ್ ಸುತ್ತಿನ ಮರಳುಗಲ್ಲಿನ ಸೀಮೆಯಲ್ಲಿ ರಸ್ತೆಗಳು ಶತಮಾನಗಳಿಂದ ತಗ್ಗಿ ಎರಡೂ ಬದಿಗೆ ದಂಡೆ ಎದ್ದಿವೆ. ಆ ದಂಡೆಗಳಿಂದ ಒಸರುವ ನೀರು ನೆರಳಿನಲ್ಲಿ ಕಣ್ಣಿಗೆ ಕಾಣದ ಗಾಜಿನ ಪದರವಾಗುತ್ತದೆ. ದಿನದ ಅತಿ ತಣ್ಣನೆಯ ಹೊತ್ತು ಸೂರ್ಯೋದಯದ ಆಸುಪಾಸು. ಹಾಗಾಗಿ ಎಂಟರ ಸವಾರಿಯನ್ನು ಒಂಬತ್ತೂವರೆಗೆ ದೂಡುತ್ತೇವೆ, ಉಷ್ಣತೆ ಎರಡು ಡಿಗ್ರಿ ಮುಟ್ಟದಿದ್ದರೆ ರದ್ದು. ಅಂದು ಎಲ್ಲರೂ ಮನೆಯಲ್ಲಿ ನಿಂತಲ್ಲೇ ತುಳಿಯುವ ಯಂತ್ರದ ಮೇಲೆ. ಸವಾರಿ ರದ್ದು ಮಾಡುವುದನ್ನು ಅಳುಕು ಎಂದು ನಾನು ಎಂದೂ ಅಂದುಕೊಂಡಿಲ್ಲ. ಒಬ್ಬರ ಗಾಲಿ ಜಾರಿದರೆ ಗುಂಪಿನಲ್ಲಿ ನಾಲ್ವರು ಬೀಳುತ್ತಾರೆ. ಬಿದ್ದು ಕೂತಲ್ಲಿ ಆಂಬುಲೆನ್ಸ್ ಬರುವ ತನಕ ಕಾಯುವುದು ಎಲ್ಲಕ್ಕಿಂತ ಕೆಟ್ಟ ನಿಲುಗಡೆ.

ನಿಲ್ಲುವುದು ಏನು ಮಾಡುತ್ತದೆ ಎನ್ನುವುದಕ್ಕೆ 2013ರ ಮಾರ್ಚಿಯ ಮಿಲಾನ್–ಸಾನ್ ರೆಮೊ ಸ್ಪರ್ಧೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಹಿಮ ಸುರಿದು ತುರ್ಕಿನೊ ಕಣಿವೆದಾರಿ ಮುಚ್ಚಿದ್ದರಿಂದ ಸವಾರರನ್ನು ಓವಾಡಾದಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ಗುಡ್ಡ ದಾಟಿಸಿ, ಸಮುದ್ರದ ಬದಿಯಿಂದ ಮತ್ತೆ ಬಿಟ್ಟರು. ಬಸ್ಸಿನ ಬಿಸಿಯಲ್ಲಿ ಕೂತೆದ್ದ ಮೇಲೆ ಹಲವರು ಮತ್ತೆ ಸೈಕಲ್ ಹತ್ತಲಿಲ್ಲ. ಅವರಲ್ಲಿ ಬೆಲ್ಜಿಯಮ್ಮಿನ ಟಾಮ್ ಬೂನೆನ್ ಕೂಡ ಒಬ್ಬರು. ನಿಲ್ಲದೆ ಹೋದವರಿಗೂ ಬೆಲೆ ತಪ್ಪಿದ್ದಲ್ಲ. ಅದಕ್ಕೂ ಮುಂಚೆ, 1980ರ ಏಪ್ರಿಲ್‌ನಲ್ಲಿ, ಲಿಯೇಜ್–ಬಾಸ್ಟೋನ್–ಲಿಯೇಜ್ ಸ್ಪರ್ಧೆಯ ಹಿಮದಲ್ಲಿ ಫ್ರಾನ್ಸಿನ ಬೆರ್ನಾರ್ ಇನೋ ಒಂಟಿಯಾಗಿ ನುಗ್ಗಿ ಒಂಬತ್ತು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಹೊರಟ 174 ಮಂದಿಯಲ್ಲಿ ಗುರಿ ಮುಟ್ಟಿದವರು 21. ಇನೋ ಅವರ ಎರಡು ಬೆರಳುಗಳ ಸ್ಪರ್ಶ ಅಂದಿನಿಂದ ಪೂರ್ತಿ ಮರಳಲಿಲ್ಲ. ಹವ್ಯಾಸಕ್ಕೆ ತುಳಿಯುವ ನಮಗೆ ಬೆರಳು ಮುಖ್ಯ.

ಚಹಾದ ನಿಲುಗಡೆಯನ್ನು ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ಸರ್ರೆಯಲ್ಲಿ ಅದಕ್ಕೆ ದೊಡ್ಡ ಪರಂಪರೆಯಿದೆ. 1880–90ರ ದಶಕಗಳಲ್ಲಿ ಲಂಡನ್ನಿನ ಸೈಕಲ್ ಸವಾರರು ಸಾವಿರಗಟ್ಟಲೆ ರಿಪ್ಲಿ ಹಳ್ಳಿಯ ಆಂಕರ್ ಇನ್‌ಗೆ ಬರುತ್ತಿದ್ದರು. ಅದನ್ನು ನಡೆಸುತ್ತಿದ್ದ ಡಿಬಲ್ ಕುಟುಂಬದ ಹೆಣ್ಣುಮಕ್ಕಳ ನೆನಪನ್ನು ಸವಾರರು ಊರಿನ ಚರ್ಚಿನಲ್ಲೇ ಉಳಿಸಿದ್ದಾರೆ. ಆ ರಸ್ತೆಯಲ್ಲಿ ಹೋಗುವಾಗ ನನಗೆ ಈ ನಂಟು ಹೆಮ್ಮೆ ಅನ್ನಿಸುತ್ತದೆ. ನಾವು ಕಲಿತದ್ದು ಇಷ್ಟು: ಅಂಗಡಿ ಏರಿನ ಬುಡದಲ್ಲಿರಬೇಕು. ಗುಡ್ಡದ ತುದಿಯಲ್ಲಿ ಕುಡಿದು ನೇರ ಇಳಿಜಾರಿಗೆ ಬಿದ್ದರೆ ಚಹಾದ ಬಿಸಿ ಮೊದಲ ತಿರುವಿಗೇ ಮುಗಿಯುತ್ತದೆ. ಕೆಳಗೆ ಕುಡಿದು ಹತ್ತತೊಡಗಿದರೆ ಮೈ ಮತ್ತೆ ಕಾಯುತ್ತದೆ. ಇಪ್ಪತ್ತು ನಿಮಿಷ, ಅಷ್ಟರಲ್ಲಿ ಒಳಗೆ ಹೋಗಿ ಒಣ ಬನಿಯನ್ ಬದಲಿಸಿಕೊಂಡು ಬರುವುದು. ಆ ಒಂದು ಬನಿಯನ್ ಅಂಗೈಯಷ್ಟೇ ಮಡಿಕೆಯಾಗುತ್ತದೆ, ಉಳಿದ ಅರ್ಧ ದಾರಿಯನ್ನೇ ಬೇರೆ ಮಾಡುತ್ತದೆ.

ಬಾಯಾರಿಕೆ ಚಳಿಯಲ್ಲಿ ಸುಳ್ಳು ಹೇಳುತ್ತದೆ. ಉಸಿರಿನ ಜೊತೆ ನೀರು ಹೋಗುತ್ತಲೇ ಇರುತ್ತದೆ, ಗಂಟಲು ಮಾತ್ರ ಕೇಳುವುದಿಲ್ಲ. ಬಾಟಲಿಗೆ ಬಿಸಿನೀರು, ನಿಂಬೆ, ಬೆಲ್ಲ, ಚಿಟಿಕೆ ಉಪ್ಪು ಹಾಕಿಕೊಂಡರೆ ಕುಡಿಯುವ ಮನಸ್ಸಾಗುತ್ತದೆ. ಅಂಗಡಿಯ ಎನರ್ಜಿ ಬಾರುಗಳು ಈ ಚಳಿಗೆ ಕಲ್ಲಾಗುತ್ತವೆ. ಅವ್ವ ಕಳಿಸುವ ಶೇಂಗಾ ಹೋಳಿಗೆಯನ್ನು ನಾಲ್ಕು ತುಂಡು ಮಾಡಿ, ದಪ್ಪ ಕೈಗವಸಿನಲ್ಲೂ ಬಿಚ್ಚಲು ಬರುವ ಹಾಗೆ ಸಡಿಲವಾಗಿ ಕಾಗದದಲ್ಲಿ ಸುತ್ತಿ ಬೆನ್ನಿನ ಜೇಬಿಗೆ ಹಾಕಿಕೊಳ್ಳುತ್ತೇನೆ. ಗುಂಪಿಗೆಲ್ಲ ಅದರ ಹೆಸರು ಗೊತ್ತು.

ಹಿಂದಿನ ಗಾಲಿಯ ಮಡ್‌ಗಾರ್ಡಿನ ಮಾತು ಸಣ್ಣದೆಂದು ಕಾಣಬಹುದು. ಮುಂದಿನವರ ನೆರಳಿನಲ್ಲಿ ಹೋದರೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ, ಗುಂಪಿನ ಸವಾರಿಯ ಲಾಭವೇ ಅದು. ಆದರೆ ಮುಂದಿನವರ ಹಿಂದಿನ ಗಾಲಿಗೆ ಮಡ್‌ಗಾರ್ಡ್ ಇಲ್ಲದಿದ್ದರೆ ಉಪ್ಪು, ಸಗಣಿ, ಕೆಸರು ಬೆರೆತ ತಣ್ಣೀರು ಹಿಂದಿನವರ ಮುಖಕ್ಕೂ ಎದೆಗೂ ತಾಸುಗಟ್ಟಲೆ ಹಾರುತ್ತದೆ. ಅಂಥವರ ಹಿಂದೆ ಯಾರೂ ಹೋಗುವುದಿಲ್ಲ, ಸಾಲು ಒಡೆಯುತ್ತದೆ. ಮಡ್‌ಗಾರ್ಡಿನ ತುದಿಗೆ ನೆಲ ಮುಟ್ಟುವಷ್ಟು ಉದ್ದದ ರಬ್ಬರ್ ಪಟ್ಟಿ ಕಟ್ಟುವುದು ಪೂರ್ತಿ ಬೇರೆಯವರ ಒಳ್ಳೆಯದಕ್ಕೆ, ಕಟ್ಟಿಕೊಂಡವರಿಗೆ ಅದರಿಂದ ಏನೂ ಸಿಗುವುದಿಲ್ಲ. ನಾನು ಯಾವ ಕ್ಲಬ್ಬಿಗೆ ಹೋದರೂ ಮೊದಲು ನೋಡುವುದು ಆ ಪಟ್ಟಿಯನ್ನು.

ಫೆಬ್ರವರಿ, ಮಾರ್ಚಿಗೆ ಹಳೆಯ ಕ್ಲಬ್ಬುಗಳು ನಡೆಸುವ ‘ರಿಲಯಬಿಲಿಟಿ ರೈಡ್’ಗಳು ಬರುತ್ತವೆ. ಗೊತ್ತುಮಾಡಿದ ದಾರಿಯನ್ನು ಗೊತ್ತುಮಾಡಿದ ಅವಧಿಯೊಳಗೆ ಮುಗಿಸಬೇಕು, ಯಾರಿಗೂ ಬಹುಮಾನವಿಲ್ಲ. ಮಾರ್ಚಿ ಕೊನೆಯ ಭಾನುವಾರ ಗಡಿಯಾರ ಒಂದು ತಾಸು ಮುಂದಕ್ಕೆ ಹೋದ ಮೇಲೆ ವಾರದ ಸಂಜೆಗಳಲ್ಲೂ ಬೆಳಕು ಸಿಗುತ್ತದೆ, ಗುಂಪು ವೇಗದ ಪ್ರಕಾರ ಮೂರಾಗಿ ಒಡೆಯುತ್ತದೆ. ನನ್ನದು ನಡುವಿನ ಗುಂಪು. ಏಪ್ರಿಲ್ ಪೂರ್ತಿ ಮಳೆ ಇದ್ದೇ ಇರುವುದರಿಂದ ರಬ್ಬರ್ ಪಟ್ಟಿಯನ್ನು ಮೇ ತಿಂಗಳವರೆಗೆ ಬಿಚ್ಚುವುದಿಲ್ಲ.