ಒಂದು ಪಾಠ, ಒಂದೇ ಫೋನು: ಶಿಕ್ಷಕರಿಗೆ ಒದಗುವ ಉಚಿತ ಡಿಜಿಟಲ್ ಸಾಧನಗಳು

ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನೀವು ಬಳಸಲೇಬೇಕಾದ ಎಐ ಆ್ಯಪ್‌ಗಳು’ ಎಂಬ ಪಟ್ಟಿಗಳು ಹರಿದಾಡುತ್ತಲೇ ಇರುತ್ತವೆ. ನಂಬಿ ಇಳಿಸಿಕೊಂಡರೆ ಒಂದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಇನ್ನೊಂದು ನಾಲ್ಕು ದಿನ ಕಳೆದ ಮೇಲೆ ದುಡ್ಡು ಕೇಳುತ್ತದೆ, ಮತ್ತೊಂದಕ್ಕೆ ಪ್ರತಿ ಮಗುವಿನ ಕೈಯಲ್ಲೂ ಒಂದೊಂದು ಟ್ಯಾಬ್ ಬೇಕು. ನಮ್ಮ ಬಹುಪಾಲು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಇರುವುದು ಮೇಷ್ಟ್ರ ಅಥವಾ ಮೇಡಂ ಅವರ ಸ್ವಂತ ಫೋನು. ಅದೃಷ್ಟವಿದ್ದರೆ ಒಂದು ಕೊಠಡಿಯಲ್ಲಿ ಪ್ರೊಜೆಕ್ಟರ್ ಅಥವಾ ಸ್ಮಾರ್ಟ್ ಟಿವಿ. ಈ ಲೇಖನದಲ್ಲಿ ಹೇಳುವುದೆಲ್ಲ ಅಷ್ಟರಲ್ಲೇ ಆಗುವ ಕೆಲಸ.

ಆ್ಯಪ್‌ ಹುಡುಕುವ ಮೊದಲು ಪಾಠ ಆರಿಸಿಕೊಳ್ಳಿ. ಮುಂದಿನ ವಾರ ಮಾಡಬೇಕಾದ, ಮಕ್ಕಳು ಪ್ರತಿ ವರ್ಷ ಎಡವುವ ಒಂದೇ ಪಾಠ ಸಾಕು. ಇಲ್ಲಿ ಉದಾಹರಣೆಗೆ ಹತ್ತನೇ ತರಗತಿ ವಿಜ್ಞಾನದ ‘ವಿದ್ಯುಚ್ಛಕ್ತಿ’ ಪಾಠವನ್ನು ಇಟ್ಟುಕೊಳ್ಳೋಣ. ಕನ್ನಡ, ಸಮಾಜ, ಗಣಿತದವರು ತಮ್ಮ ಪಾಠಕ್ಕೆ ಹೊಂದಿಸಿಕೊಳ್ಳಬಹುದು.

ಹಂತ 1: ಪಠ್ಯಪುಸ್ತಕದಿಂದಲೇ ಶುರು ಮಾಡಿ

ಪಾಠದ ಪುಟದಲ್ಲಿರುವ ಕ್ಯುಆರ್ ಕೋಡ್ ಅನ್ನು ‘ದೀಕ್ಷಾ’ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. 2017ರ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರ ಆರಂಭಿಸಿದ ಈ ವೇದಿಕೆಯಲ್ಲಿ ಪಾಠಕ್ಕೆ ತಕ್ಕ ವಿಡಿಯೊ, ಅಭ್ಯಾಸದ ಪ್ರಶ್ನೆಗಳು ಸಿಗುತ್ತವೆ. ಮನೆಯಲ್ಲಿ ನೆಟ್‌ ಚೆನ್ನಾಗಿರುವಾಗ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಶಾಲೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಓಡುತ್ತದೆ. ಎಲ್ಲ ವಿಡಿಯೊಗಳೂ ಒಂದೇ ಗುಣಮಟ್ಟದವಲ್ಲ. ಆದ್ದರಿಂದ ತರಗತಿಗೆ ಹೋಗುವ ಮೊದಲು ಪೂರ್ತಿ ನೋಡಿ, ನಿಮಗೆ ಬೇಕಾದ ಎರಡು-ಮೂರು ನಿಮಿಷದ ಭಾಗ ಎಲ್ಲಿದೆ ಎಂದು ಪಾಠಟಿಪ್ಪಣಿಯಲ್ಲಿ ಗುರುತು ಹಾಕಿಕೊಳ್ಳಿ. ಇಡೀ ವಿಡಿಯೊ ಹಾಕಿ ಬದಿಗೆ ನಿಲ್ಲುವುದಕ್ಕಿಂತ ಆ ಮೂರು ನಿಮಿಷ ತೋರಿಸಿ ನಿಲ್ಲಿಸಿ, ಪ್ರಶ್ನೆ ಕೇಳುವುದು ಎಷ್ಟೋ ಮೇಲು.

ಕೆಳಗಿನ ತರಗತಿಗಳವರಿಗೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಇದೆ. ಕನ್ನಡದ ಚಿತ್ರಕಥೆಗಳನ್ನು ಓದುವ ಮಟ್ಟದ ಪ್ರಕಾರ ಹುಡುಕಬಹುದು, ಮುದ್ರಿಸಬಹುದು. ಮುಕ್ತ ಪರವಾನಗಿ ಇರುವುದರಿಂದ ನಿಮ್ಮ ಊರಿನ ಮಾತಿಗೆ ತಕ್ಕಂತೆ ಕಥೆಯನ್ನು ಬದಲಾಯಿಸಿಕೊಳ್ಳಲೂಬಹುದು, ಮೂಲ ಬರೆದವರ ಹೆಸರು ಹಾಕಿದರೆ ಸಾಕು. ಕಲ್ಯಾಣ ಕರ್ನಾಟಕದ ಅಥವಾ ಕರಾವಳಿಯ ಮಕ್ಕಳಿಗೆ ಓದು ಕಲಿಸುವವರಿಗೆ ಇದು ದೊಡ್ಡ ಅನುಕೂಲ.

ಹಂತ 2: ಕಣ್ಣಿಗೆ ಕಾಣದ್ದನ್ನು ಕಾಣಿಸಿ

ವಿಜ್ಞಾನ, ಗಣಿತದವರಿಗೆ ನಾನು ಒಂದೇ ಒಂದು ಸಾಧನ ಹೇಳಬೇಕೆಂದರೆ ಅದು ‘ಫೆಟ್’. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಅಲ್ಲಿನ ಸಿಮ್ಯುಲೇಷನ್‌ಗಳು ಪೂರ್ತಿ ಉಚಿತ, ಅನೇಕವು ಕನ್ನಡಕ್ಕೂ ಬಂದಿವೆ. ಫೈಲ್‌ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ.

ಡಿಸಿ ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಷನ್ ತೆರೆಯಿರಿ. 9 ವೋಲ್ಟ್‌ನ ಬ್ಯಾಟರಿ, 10 ಓಮ್‌ನ ಒಂದು ರೋಧಕ, ಬ್ಯಾಟರಿಯ ಪಕ್ಕದಲ್ಲೇ ಅಮ್ಮೀಟರ್ ಇಟ್ಟು ತಂತಿಗಳಿಂದ ಜೋಡಿಸಿ. ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಇನ್ನೊಂದು 10 ಓಮ್ ರೋಧಕವನ್ನು ಸರಣಿಯಲ್ಲಿ ಸೇರಿಸುವ ಮೊದಲು ನಿಲ್ಲಿಸಿ, ಈಗ ಎಷ್ಟಾಗುತ್ತದೆ ಎಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯುವಂತೆ ಹೇಳಿ. ಬರೆದಾದ ಮೇಲೆ ಜೋಡಿಸಿದರೆ 0.45 ಬರುತ್ತದೆ. ಬಹಳಷ್ಟು ಮಕ್ಕಳು ಸರಿ ಬರೆದಿರುತ್ತಾರೆ. ಅದೇ ರೋಧಕವನ್ನು ಕಿತ್ತು ಸಮಾಂತರವಾಗಿ ಜೋಡಿಸುವ ಮುಂಚೆ ಮತ್ತೆ ಬರೆಸಿ. ಈ ಸಲ ಅಮ್ಮೀಟರ್ 1.80ಕ್ಕೆ ಏರುತ್ತದೆ. “ರೋಧಕ ಜಾಸ್ತಿ ಮಾಡಿದ್ರೆ ಕರೆಂಟ್ ಕಮ್ಮಿ ಆಗ್ಬೇಕಿತ್ತಲ್ವಾ ಸರ್?” ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದಲಾದರೂ ಬಂದೇ ಬರುತ್ತದೆ. ಪಾಠದ ಜೀವ ಇರುವುದು ಆ ಪ್ರಶ್ನೆಯಲ್ಲಿ. ಉತ್ತರ ಹೇಳಲು ಆತುರಪಡಬೇಡಿ. ಪ್ರತಿ ಕವಲಿನಲ್ಲೂ ಅಮ್ಮೀಟರ್ ಇಟ್ಟು ತೋರಿಸಿ, 0.90 ಮತ್ತು 0.90 ಕೂಡಿ 1.80 ಆದದ್ದನ್ನು ಅವರೇ ಕಂಡುಕೊಳ್ಳಲಿ.

ಫೆಟ್ ಇದೆಯೆಂದು ಪ್ರಯೋಗ ಬಿಡುವಂತಿಲ್ಲ. ಪಠ್ಯದಲ್ಲಿರುವ ಅರ್ಧ ಮೀಟರ್ ನಿಕ್ರೋಮ್ ತಂತಿ, 1.5 ವೋಲ್ಟ್‌ನ ನಾಲ್ಕು ಕೋಶಗಳ ಚಟುವಟಿಕೆಯನ್ನು ಮಾಡಲೇಬೇಕು. ತಂತಿ ಬಿಸಿಯಾಗುವುದು, ಸಡಿಲ ಜೋಡಣೆಯಿಂದ ಅಳತೆ ಅಲ್ಲಾಡುವುದು ಪರದೆಯ ಮೇಲೆ ಕಲಿಯಲು ಬರುವುದಿಲ್ಲ. ಮೊದಲು ಫೆಟ್‌ನಲ್ಲಿ ಊಹೆ, ಆಮೇಲೆ ಮೇಜಿನ ಮೇಲೆ ಪರೀಕ್ಷೆ ಎಂಬ ಕ್ರಮ ಒಳ್ಳೆಯದು.

ರೇಖಾಗಣಿತ ಮತ್ತು ನಕ್ಷೆಗಳಿಗೆ ‘ಜಿಯೋಜಿಬ್ರಾ’ ಇದೇ ಬಗೆಯಲ್ಲಿ ಕೆಲಸ ಮಾಡುತ್ತದೆ.

ಹಂತ 3: ಎಐಗೆ ಹೋಗುವ ಮೊದಲು ಅಕ್ಷರ ಪರೀಕ್ಷಿಸಿ

ಯಾವ ಪಟ್ಟಿಯಲ್ಲೂ ಇಲ್ಲದ, ಆದರೆ ಕನ್ನಡ ಶಿಕ್ಷಕರು ಮೊದಲು ಎದುರಿಸುವ ತೊಡಕು ಇದು. ವರ್ಷಗಳಿಂದ ಕೂಡಿಟ್ಟ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಇರುತ್ತವೆ. ನಮ್ಮ ಕಣ್ಣಿಗೆ ಅದು ಕನ್ನಡ, ಆದರೆ ಕಂಪ್ಯೂಟರ್‌ಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹಾಗೇ ಎಐಗೆ ಕೊಟ್ಟರೆ ಅದು ಏನೋ ಊಹಿಸಿ ಏನೋ ಬರೆದುಕೊಡುತ್ತದೆ.

ಪರೀಕ್ಷೆ ಸುಲಭ. ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡವಾಗಿ ಕಂಡರೆ ಯುನಿಕೋಡ್, ನೇರ ಬಳಸಬಹುದು. ರೋಮನ್ ಅಕ್ಷರ, ಚಿಹ್ನೆಗಳೇ ಕಂಡರೆ ಪರಿವರ್ತಕದಿಂದ ಯುನಿಕೋಡ್‌ಗೆ ತನ್ನಿ. ಇಂಥ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮುದ್ರಿತ ಪುಟವಷ್ಟೇ ಕೈಯಲ್ಲಿದ್ದರೆ ಗೂಗಲ್ ಲೆನ್ಸ್‌ನಿಂದ ಫೋಟೊ ತೆಗೆದು ಅಕ್ಷರಗಳನ್ನು ಕಾಪಿ ಮಾಡಿಕೊಳ್ಳಬಹುದು. ಒತ್ತಕ್ಷರ, ಅರ್ಕಾವತ್ತು, ಸೂತ್ರಗಳ ಕಡೆ ಒಮ್ಮೆ ಕಣ್ಣಾಡಿಸಿ, ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಹೊಸದಾಗಿ ಬರೆಯುವುದಾದರೆ ಫೋನಿನ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ ಬರೆಸಿ, ಟೈಪ್ ಮಾಡುವ ಶ್ರಮ ಅರ್ಧ ಉಳಿಯುತ್ತದೆ.

ಹಂತ 4: ಎಐಗೆ ಕೆಲಸ ಹೇಳುವ ಬಗೆ

ಜೆಮಿನಿ, ಚಾಟ್‌ಜಿಪಿಟಿ ಎರಡರಲ್ಲೂ ಉಚಿತ ಆವೃತ್ತಿ ಇದೆ, ಎರಡಕ್ಕೂ ಕನ್ನಡದಲ್ಲೇ ಕೇಳಬಹುದು. ಜೆಮಿನಿಯ ಮೊಬೈಲ್ ಆ್ಯಪ್ 2024ರಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡವೂ ಜೊತೆಗಿತ್ತು. “ವಿದ್ಯುಚ್ಛಕ್ತಿ ಪಾಠದ ಮೇಲೆ ಪ್ರಶ್ನೆ ಕೊಡು” ಎಂದರೆ ಯಾವ ಗೈಡ್‌ನಲ್ಲೂ ಸಿಗುವಂಥ ಸಪ್ಪೆ ಪ್ರಶ್ನೆಗಳೇ ಬರುತ್ತವೆ. ಹೀಗೆ ಕೇಳಿ ನೋಡಿ:

“ನಾನು ಕರ್ನಾಟಕ ರಾಜ್ಯ ಪಠ್ಯಕ್ರಮದ 10ನೇ ತರಗತಿಗೆ ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಳಗೆ ಪಠ್ಯದ ಒಂದು ಭಾಗ ಕೊಟ್ಟಿದ್ದೇನೆ. ಅದರಲ್ಲಿ ಇರುವುದನ್ನಷ್ಟೇ ಆಧರಿಸಿ ಸರಣಿ ಮತ್ತು ಸಮಾಂತರ ಜೋಡಣೆಯ ಮೇಲೆ ಆರು ಬಹುಆಯ್ಕೆ ಪ್ರಶ್ನೆ ಬರೆಯಿರಿ. ಪ್ರತಿ ತಪ್ಪು ಆಯ್ಕೆಯೂ ಮಕ್ಕಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪಿನಿಂದ ಬಂದಿರಬೇಕು, ಅದು ಯಾವ ತಪ್ಪು ಎಂದು ಪಕ್ಕದಲ್ಲಿ ಬರೆಯಿರಿ. ರೋಧ, ವಿಭವಾಂತರ ಮುಂತಾದ ಪಠ್ಯದ ಪದಗಳನ್ನೇ ಬಳಸಿ. ಲೆಕ್ಕದ ಹಂತಗಳನ್ನು ತೋರಿಸಿ.”

ಇದರಲ್ಲಿ ಮುಖ್ಯವಾದದ್ದು ತಪ್ಪು ಆಯ್ಕೆಗಳ ಬಗ್ಗೆ ಇರುವ ಸಾಲು. 10 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ 5 ಓಮ್. ಒಂದು ಮಗು 20 ಎಂದು ಗುರುತಿಸಿದರೆ ಅದು ಸರಣಿಯ ಸೂತ್ರ ಬಳಸಿದೆ. 0.2 ಎಂದರೆ ಹತ್ತನೇ ಒಂದು, ಹತ್ತನೇ ಒಂದು ಕೂಡಿಸಿ ಕೊನೆಗೆ ವ್ಯುತ್ಕ್ರಮ ಮಾಡುವುದನ್ನು ಮರೆತಿದೆ. ಇಬ್ಬರಿಗೂ ಅಂಕ ಸೊನ್ನೆಯೇ, ಆದರೆ ಕಲಿಸಬೇಕಾದದ್ದು ಬೇರೆ ಬೇರೆ. ಇಂಥ ಪ್ರಶ್ನೆ ತಯಾರಿಸಲು ನಮಗೆ ಪುರುಸೊತ್ತು ಸಿಗುವುದಿಲ್ಲ. ಎಐ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಅದೇ ಸಂಭಾಷಣೆಯಲ್ಲಿ ಮುಂದುವರಿದು, ಓದಲು ಕಷ್ಟಪಡುವ ಮಕ್ಕಳಿಗೆ ಚಿಕ್ಕ ವಾಕ್ಯಗಳಲ್ಲಿ ಒಂದು ಅಭ್ಯಾಸ ಹಾಳೆ, ಮುಂದಿರುವವರಿಗೆ ಇನ್ನೊಂದು ಎಂದು ಕೇಳಬಹುದು. ಬಹುವರ್ಗ ಬೋಧನೆ ಮಾಡುವವರಿಗೆ ಇದು ವರದಾನವೇ ಸರಿ.

ಪಾಠದ ಫೈಲ್‌ಗಳನ್ನೇ ಕೊಟ್ಟು ಅದರೊಳಗಿನಿಂದ ಮಾತ್ರ ಉತ್ತರ ಬೇಕೆಂದರೆ ಗೂಗಲ್‌ನ ‘ನೋಟ್‌ಬುಕ್‌ಎಲ್‌ಎಂ’ ಒಳ್ಳೆಯದು. ಉತ್ತರದ ಪಕ್ಕದಲ್ಲೇ ಅದು ಫೈಲಿನ ಯಾವ ಭಾಗದಿಂದ ಬಂತೆಂದು ತೋರಿಸುತ್ತದೆ, ಹೋಲಿಸಿ ನೋಡುವುದು ಸುಲಭ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಜೊತೆ ಸೇರಿ ನಮ್ಮದೇ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದ ‘ಶಿಕ್ಷಾ ಕೋಪೈಲಟ್’ ಕೂಡ ಪಠ್ಯಕ್ರಮವನ್ನು ಆಧರಿಸಿಯೇ ಪಾಠಯೋಜನೆ ತಯಾರಿಸುತ್ತದೆ.

ಹಂತ 5: ತಿದ್ದದೆ ತರಗತಿಗೆ ಒಯ್ಯಬೇಡಿ

ಎಐ ಬರೆದುಕೊಟ್ಟದ್ದರಲ್ಲಿ ಲೆಕ್ಕವಿದ್ದರೆ ಪೆನ್ಸಿಲ್ ಹಿಡಿದು ನೀವೇ ಬಿಡಿಸಿ. ಸಮಾಜ ವಿಜ್ಞಾನವಾದರೆ ಇಸವಿ, ಹೆಸರುಗಳನ್ನು ಪಠ್ಯದೊಂದಿಗೆ ತಾಳೆ ನೋಡಿ.

ಕನ್ನಡ ಶಿಕ್ಷಕರು ಇನ್ನೂ ಜಾಗರೂಕರಾಗಿರಬೇಕು. ವಚನ ಕೇಳಿದರೆ ಎಐ ‘ಕೂಡಲಸಂಗಮದೇವ’ ಎಂಬ ಅಂಕಿತ ಸೇರಿಸಿ, ಬಸವಣ್ಣನವರು ಬರೆಯದೇ ಇದ್ದ ವಚನವನ್ನು ತಾನೇ ಕಟ್ಟಿ ಕೊಟ್ಟುಬಿಡಬಹುದು. ಓದಿದರೆ ಅಸಲಿಯಂತೆಯೇ ಇರುತ್ತದೆ. ಮಕ್ಕಳ ನೋಟ್‌ಬುಕ್ಕಿಗೆ ಒಮ್ಮೆ ಹೋದದ್ದನ್ನು ವಾಪಸ್ ತೆಗೆಯುವುದು ಕಷ್ಟ. ‘ವಚನ ಸಂಚಯ’ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ, ಒಂದೇ ಒಂದು ಪದ ಹಾಕಿಯೂ ಹುಡುಕಬಹುದು. ವಚನ ಬೇಕಾದರೆ ಅಲ್ಲಿಗೇ ಹೋಗಿ. ಲಘು ಗುರು ಹಾಕಿ ಗಣ ವಿಂಗಡಿಸುವುದರಲ್ಲೂ ಎಐ ಮುಗ್ಗರಿಸುತ್ತದೆ. ಪ್ರಸ್ತಾರ ಹಾಕುವ ಕೆಲಸ ಕಪ್ಪುಹಲಗೆಯ ಮೇಲೇ ಇರಲಿ. ಸಂಧಿ ಬಿಡಿಸಿ ಕೊಟ್ಟರೂ ಒಂದೊಂದನ್ನೂ ನೋಡಿಯೇ ಬಳಸಿ.

ಹಂತ 6: ಮಕ್ಕಳ ಕೈಗೆ ಫೋನಲ್ಲ, ಕಾರ್ಡು

ತಯಾರಿಸಿದ ಆರು ಪ್ರಶ್ನೆಗಳನ್ನು ಕೇಳಲು ‘ಪ್ಲಿಕರ್ಸ್’ ಹೇಳಿ ಮಾಡಿಸಿದಂತಿದೆ. ಜಾಲತಾಣದಿಂದ ಕಾರ್ಡ್‌ಗಳನ್ನು ಮುದ್ರಿಸಿ ರಟ್ಟಿಗೆ ಅಂಟಿಸಿ, ಮಗುವಿಗೊಂದರಂತೆ ಕೊಡಿ. ಕಾರ್ಡಿನ ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದಿರುತ್ತದೆ. ತನ್ನ ಉತ್ತರ ಮೇಲೆ ಬರುವಂತೆ ಮಗು ಕಾರ್ಡ್ ಎತ್ತಿ ಹಿಡಿಯುತ್ತದೆ. ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಒಮ್ಮೆ ಆಡಿಸಿದರೆ ಯಾರ ಉತ್ತರ ಯಾವುದು ಎಂದು ನಿಮ್ಮ ಪರದೆಯಲ್ಲಿ ಮೂಡುತ್ತದೆ. ಒಬ್ಬರ ಕಾರ್ಡಿನಂತೆ ಇನ್ನೊಬ್ಬರದು ಇರುವುದಿಲ್ಲ, ನೋಡಿ ಎತ್ತಲು ಬರುವುದಿಲ್ಲ. ಎಂದೂ ಕೈ ಎತ್ತದ ಮಗುವಿನ ಉತ್ತರವೂ ನಿಮಗೆ ಸಿಗುತ್ತದೆ. ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಬೆಳಕು ಬಿದ್ದು ಕ್ಯಾಮೆರಾ ಓದುವುದಿಲ್ಲ. ಉಚಿತ ಆವೃತ್ತಿಯಲ್ಲಿ ಒಂದು ಕಂತಿಗೆ ಕೆಲವೇ ಪ್ರಶ್ನೆ ಹಾಕಬಹುದು, ಹೆಚ್ಚಿದ್ದರೆ ಎರಡು ಕಂತು ಮಾಡಿಕೊಳ್ಳಿ.

ಮಕ್ಕಳನ್ನು ಇಲ್ಲಿ ಹೆಸರಿನ ಬದಲು ಕ್ರಮಸಂಖ್ಯೆಯಿಂದ ನಮೂದಿಸಿ. ಎಐ ಸಾಧನಗಳಿಗೂ ಮಕ್ಕಳ ಹೆಸರು, ಎಸ್‌ಎಟಿಎಸ್ ಸಂಖ್ಯೆ, ಜಾತಿ, ಫೋಟೊ, ಅಂಕಪಟ್ಟಿ ಕೊಡಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಉಚಿತ ಎಂದು ಹೇಳಿ ಬ್ಯಾಂಕ್ ಕಾರ್ಡ್ ವಿವರ ಕೇಳುವ ಆ್ಯಪ್ ಕಂಡರೆ ಅಲ್ಲೇ ಬಿಟ್ಟುಬಿಡಿ.

ತಯಾರಾದದ್ದನ್ನು ಹಂಚಿ

ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣದಲ್ಲಿ ರಾಜ್ಯದ ಶಿಕ್ಷಕರೇ ಬರೆದ ಕನ್ನಡದ ಪಾಠ ಸಾಮಗ್ರಿ ಇದೆ. ಈ ಎಐಗಳು ಬರುವುದಕ್ಕೆ ಎಷ್ಟೋ ಮೊದಲೇ ಶಿಕ್ಷಕರು ಇದನ್ನು ಮಾಡಿದ್ದಾರೆ. ನೀವು ತಿದ್ದಿ ಒಪ್ಪ ಮಾಡಿದ ಒಂದು ಅಭ್ಯಾಸ ಹಾಳೆ ಪಕ್ಕದ ಹಳ್ಳಿಯ ಶಾಲೆಗೂ ಬೇಕಾಗಿರುತ್ತದೆ. ಮುಂದಿನ ಕ್ಲಸ್ಟರ್ ಸಭೆಗೆ ಅದನ್ನು ಒಯ್ಯಿರಿ. ಹಂಚುವಾಗ ಪಿಡಿಎಫ್ ಒಂದನ್ನೇ ಕಳಿಸದೆ, ಬೇರೆಯವರು ತಿದ್ದಿಕೊಳ್ಳಲು ಬರುವ ಯುನಿಕೋಡ್ ಫೈಲನ್ನೂ ಜೊತೆಗೆ ಕಳಿಸಿ.