ಉದ್ದೀಪನ ಮದ್ದು, ಎಳೆಯ ಕ್ರೀಡಾಪಟು ಮತ್ತು ನ್ಯಾಯ



ಕಳೆದ ತಿಂಗಳು ರಾಜ್ಯಶಾಸ್ತ್ರದ ತರಗತಿಯಲ್ಲಿ ನ್ಯಾಯದ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. "ಸಾರ್, ಮದ್ದು ತಗೊಂಡು ಗೆದ್ದರೆ ಅದು ಮೋಸ ತಾನೆ? ಚಿಕ್ಕ ವಯಸ್ಸು ಅಂತ ಬಿಟ್ಟುಬಿಟ್ಟರೆ ನಿಯತ್ತಾಗಿ ಆಡಿ ಸೋತವರ ಗತಿ ಏನು?" ನಾನು ಉತ್ತರ ಶುರು ಮಾಡುವಷ್ಟರಲ್ಲಿ ಬೆಲ್ ಹೊಡೆಯಿತು. ಐದು ನಿಮಿಷದಲ್ಲಿ ಮುಗಿಯುವ ಉತ್ತರವೂ ಅದಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪು ಮಾಡಿದವನು. ಅದನ್ನೂ ಮುಚ್ಚಿಡುವುದಿಲ್ಲ.

ಮೊದಲು ನಿಯಮ ತಿಳಿಯೋಣ

ಉದ್ದೀಪನ ಮದ್ದಿನ ವಿಚಾರದಲ್ಲಿ ಜಗತ್ತಿನ ಬಹುತೇಕ ಎಲ್ಲ ದೇಶಗಳೂ ಪಾಲಿಸುವ ನೀತಿಸಂಹಿತೆಯನ್ನು ರೂಪಿಸಿದ್ದು ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದರೆ ವಾಡಾ. ನಮ್ಮ ದೇಶದಲ್ಲಿ ಪರೀಕ್ಷೆ ನಡೆಸುವುದು ನಾಡಾ. 2022ರಲ್ಲಿ ಸಂಸತ್ತು ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು.

ಈ ನೀತಿಸಂಹಿತೆಯ ತಳಪಾಯ ಒಂದೇ ಮಾತು: ನಿನ್ನ ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ನೀನೇ ಹೊಣೆ. ಗೊತ್ತಿದ್ದು ತಿಂದೆಯೋ, ಗೊತ್ತಿಲ್ಲದೆ ತಿಂದೆಯೋ ಎಂಬುದು ಆಮೇಲಿನ ಮಾತು. ಇದು ಕಠಿಣ ಎನಿಸಬಹುದು. ಆದರೆ ಈ ನಿಯಮ ಇಲ್ಲದಿದ್ದರೆ ಸಿಕ್ಕಿಬಿದ್ದ ಪ್ರತಿಯೊಬ್ಬರೂ "ನನಗೆ ಗೊತ್ತಿರಲಿಲ್ಲ" ಎಂದು ಹೇಳಿ ಪಾರಾಗುತ್ತಿದ್ದರು. ಕ್ರೀಡಾಪಟುವಿನ ಮಾದರಿಯನ್ನು ಎ ಮತ್ತು ಬಿ ಎಂದು ಎರಡು ಬಾಟಲಿಗಳಲ್ಲಿ ಮೊಹರು ಮಾಡಿ ಇಡುತ್ತಾರೆ. ಎ ಬಾಟಲಿಯಲ್ಲಿ ನಿಷೇಧಿತ ವಸ್ತು ಸಿಕ್ಕರೆ, ಬಿ ಬಾಟಲಿಯನ್ನೂ ಪರೀಕ್ಷಿಸಿ ಎಂದು ಕೇಳುವ ಹಕ್ಕು ಕ್ರೀಡಾಪಟುವಿಗೆ ಇದೆ. ಉದ್ದೇಶ ಇತ್ತೇ, ಅಜಾಗರೂಕತೆ ಎಷ್ಟು ಎಂಬುದನ್ನು ನೋಡಿ ಶಿಕ್ಷೆಯ ಅವಧಿ ನಿರ್ಧರಿಸುತ್ತಾರೆ.

ನಮ್ಮ ರಾಜ್ಯದ ಒಂದು ಪ್ರಕರಣ

ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ರೈತ ಕುಟುಂಬದಿಂದ ಬಂದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೇಶದ ಮನೆಮಾತಾದರು. ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. 2011ರಲ್ಲಿ ಅವರ ಜೊತೆಗೆ ರಾಷ್ಟ್ರೀಯ ಶಿಬಿರದ ಹಲವು ಓಟಗಾರ್ತಿಯರ ಮಾದರಿಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಪೂರಕ ಆಹಾರದಿಂದ ಅದು ದೇಹ ಸೇರಿತು ಎಂಬುದು ಅವರ ವಾದ. ವಿದೇಶಿ ಕೋಚ್‌ನನ್ನು ಸರ್ಕಾರ ಕೆಲಸದಿಂದ ತೆಗೆಯಿತು. ನಮ್ಮ ದೇಶದ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ಹೇರಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋದಾಗ, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯ ಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಆಗ ಅಶ್ವಿನಿ ಅವರಿಗೆ 23 ವರ್ಷ. ವಯಸ್ಕರು. "ಕೋಚ್ ಕೊಟ್ಟದ್ದನ್ನು ಪ್ರಶ್ನಿಸಬೇಕಿತ್ತು" ಎಂದು ಅವರಿಗೆ ಹೇಳಬಹುದು. ಈಗ ಯೋಚಿಸಿ: ಅದೇ ಡಬ್ಬಿಯನ್ನು ಕೋಚ್ 15 ವರ್ಷದ ಹುಡುಗಿಯ ಕೈಗೆ ಇಟ್ಟಿದ್ದರೆ? ಅವಳಿಗೂ ಇದೇ ಮಾತು ಹೇಳಬಹುದೇ?

15 ವರ್ಷದ ಹುಡುಗಿ

ಇದು ಕಲ್ಪನೆಯ ಪ್ರಶ್ನೆಯಲ್ಲ. ರಷ್ಯಾದ ಹಿಮನರ್ತಕಿ ಕಮಿಲಾ ವಲಿಯೇವಾ ಅವರ ಮಾದರಿಯನ್ನು 2021ರ ಡಿಸೆಂಬರ್ 25ರಂದು ತೆಗೆದುಕೊಂಡಾಗ ಆಕೆಗೆ 15 ವರ್ಷ. ಅದರಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದ್ರೋಗದ ಔಷಧಿ ಇತ್ತು. ಸ್ವೀಡನ್ನಿನ ಪ್ರಯೋಗಾಲಯದಿಂದ ವರದಿ ಬರಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಶುರುವಾಗಿ, ತಂಡ ಸ್ಪರ್ಧೆಯಲ್ಲಿ ಆಕೆಯ ತಂಡ ಮೊದಲ ಸ್ಥಾನ ಪಡೆದೂ ಆಗಿತ್ತು. ವೈಯಕ್ತಿಕ ಸ್ಪರ್ಧೆಗೆ ಇಳಿಯಲು ನ್ಯಾಯ ಮಂಡಳಿ ಅನುಮತಿ ಕೊಟ್ಟಿತು. ವಯಸ್ಸು ಮತ್ತು ವರದಿ ತಡವಾದದ್ದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿದ್ದವು. ಇಡೀ ಜಗತ್ತಿನ ಕ್ಯಾಮೆರಾಗಳ ಮುಂದೆ ಆಕೆ ಮತ್ತೆ ಮತ್ತೆ ಜಾರಿ ಬಿದ್ದು ನಾಲ್ಕನೇ ಸ್ಥಾನಕ್ಕೆ ಇಳಿದಳು.

ಔಷಧಿ ತಾತನದು, ಅವರಿಂದ ಹೇಗೋ ಬೆರೆತಿದೆ ಎಂಬುದು ಆಕೆಯ ಕಡೆಯವರ ವಾದ. 2024ರ ಜನವರಿ 29ರಂದು ಅಂತಿಮ ತೀರ್ಪು ಬಂತು: ನಾಲ್ಕು ವರ್ಷ ನಿಷೇಧ. ಉದ್ದೇಶಪೂರ್ವಕ ಅಲ್ಲ ಎಂದು ತೋರಿಸಲು ಆಕೆಗೆ ಆಗಲಿಲ್ಲ, ಹಾಗೆ ತೋರಿಸದಿದ್ದಾಗ ವಯಸ್ಕರಿಗಿಂತ ಬೇರೆಯಾಗಿ ನಡೆಸಿಕೊಳ್ಳಲು ನಿಯಮದಲ್ಲಿ ಆಧಾರ ಇಲ್ಲ ಎಂದಿತು ಮಂಡಳಿ. ಆ ತೀರ್ಪಿನ ಹಾಳೆಯಲ್ಲಿ ಶಿಕ್ಷೆ ಬಿದ್ದದ್ದು ಆಕೆಯೊಬ್ಬಳ ಹೆಸರಿಗೆ.

ಇನ್ನೊಂದು ಪಕ್ಷವನ್ನೂ ಮರೆಯಬಾರದು. ಆ ತಂಡ ಸ್ಪರ್ಧೆಯ ಪದಕ ಪ್ರದಾನ ಬೀಜಿಂಗಿನಲ್ಲಿ ನಡೆಯಲೇ ಇಲ್ಲ. ಅಮೆರಿಕ ಮತ್ತು ಜಪಾನಿನ ಆಟಗಾರರು ಚಿನ್ನ, ಬೆಳ್ಳಿ ಪದಕಗಳನ್ನು ಕೊರಳಿಗೆ ಹಾಕಿಸಿಕೊಂಡದ್ದು 2024ರ ಆಗಸ್ಟ್‌ನಲ್ಲಿ, ಪ್ಯಾರಿಸ್‌ನಲ್ಲಿ. ಎರಡೂವರೆ ವರ್ಷ ಕಾದರು. ಹಿಂದಿನ ಬೆಂಚಿನ ಪ್ರಶ್ನೆ ಅವರ ಪರವಾಗಿತ್ತು, ಅದು ಸರಿಯಾದ ಪ್ರಶ್ನೆಯೇ.

ಹಳೆಯ ಪಾಠಗಳು

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 16 ವರ್ಷದ ಈಜುಗಾರ ರಿಕ್ ಡಿಮಾಂಟ್ 400 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ. ಆಸ್ತಮಾ ಔಷಧಿಯಲ್ಲಿದ್ದ ಎಫೆಡ್ರಿನ್‌ನಿಂದ ಪದಕ ಹೋಯಿತು. ಆ ಔಷಧಿಯ ಹೆಸರನ್ನು ಆತ ಅರ್ಜಿಯಲ್ಲಿ ಮೊದಲೇ ಬರೆದು ಕೊಟ್ಟಿದ್ದ. ಅದನ್ನು ಮುಂದಕ್ಕೆ ತಿಳಿಸಬೇಕಿದ್ದವರು ತಂಡದ ವೈದ್ಯರು. 2000ದ ಸಿಡ್ನಿಯಲ್ಲಿ ರೊಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರದುಕಾನ್‌ಗೂ 16 ವರ್ಷ. ನೆಗಡಿಗೆ ತಂಡದ ವೈದ್ಯರೇ ಕೊಟ್ಟ ಮಾತ್ರೆಯಿಂದ ಆಕೆಯ ಚಿನ್ನ ಹೋಯಿತು. ಆದರೆ ಆಕೆಗೆ ನಿಷೇಧ ಹೇರಲಿಲ್ಲ, ಬೇರೆ ಸ್ಪರ್ಧೆಗಳ ಪದಕ ಕಿತ್ತುಕೊಳ್ಳಲಿಲ್ಲ, ಶಿಕ್ಷೆ ವೈದ್ಯರಿಗೆ ಆಯಿತು. ಇನ್ನು ಹಿಂದಿನ ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಎಳೆಯ ಹುಡುಗಿಯರಿಗೆ ವಿಟಮಿನ್ ಎಂದು ಹೇಳಿ ಹಾರ್ಮೋನ್ ಮಾತ್ರೆ ನುಂಗಿಸುತ್ತಿತ್ತು. ಅದನ್ನು ನಡೆಸಿದ ಕ್ರೀಡಾ ಮುಖ್ಯಸ್ಥ ಮತ್ತು ವೈದ್ಯನನ್ನು ಬರ್ಲಿನ್ ನ್ಯಾಯಾಲಯ ತಪ್ಪಿತಸ್ಥರೆಂದು ಘೋಷಿಸಿದ್ದು 2000ದಲ್ಲಿ. ಅಷ್ಟರಲ್ಲಿ ಆ ಹುಡುಗಿಯರಲ್ಲಿ ಹಲವರು ನಡುವಯಸ್ಸಿನ ರೋಗಿಗಳಾಗಿದ್ದರು.

ಎರಡು ಪ್ರಶ್ನೆ, ಒಂದಲ್ಲ

ಇವೆಲ್ಲವನ್ನೂ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ನಾವು ಒಂದೇ ಪ್ರಶ್ನೆ ಎಂದುಕೊಂಡದ್ದರಲ್ಲಿ ಎರಡು ಪ್ರಶ್ನೆಗಳಿವೆ. ಒಂದು, ಫಲಿತಾಂಶ ನಿಲ್ಲಬೇಕೇ? ಎರಡು, ದೂಷಣೆ ಯಾರಿಗೆ, ಎಷ್ಟು?

ಇಸ್ಲಾಮೀ ಕರ್ಮಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಪ್ರಾಯಕ್ಕೆ ಬಾರದ ಮಗು ಪಕ್ಕದ ಮನೆಯ ವಸ್ತು ಹಾಳು ಮಾಡಿದರೆ ಪಾಪ ಮಗುವಿನ ಲೆಕ್ಕಕ್ಕೆ ಬರೆಯುವುದಿಲ್ಲ. ಹಾಗೆಂದು ನೆರೆಯವರ ನಷ್ಟ ಮನ್ನಾ ಆಗುವುದಿಲ್ಲ, ಅದನ್ನು ತುಂಬಿಕೊಡಲೇಬೇಕು. ನಮ್ಮ ದೇಶದ ಕಾನೂನೂ ವಯಸ್ಸನ್ನು ಲೆಕ್ಕಕ್ಕೆ ಇಡುತ್ತದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ. ಕಾನೂನಿನ ತೊಡಕಿಗೆ ಸಿಕ್ಕ ಮಗುವಿನ ಹೆಸರು, ಫೋಟೋ ಪತ್ರಿಕೆಯಲ್ಲಿ ಹಾಕುವಂತಿಲ್ಲ ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ವಯಸ್ಸಿನ ಗಡಿ ಒಂದೊಂದು ಕಡೆ ಒಂದೊಂದು, ಆದರೆ ತತ್ವ ಒಂದೇ.

ಕ್ರೀಡೆಗೆ ಅನ್ವಯಿಸಿದರೆ: ಮದ್ದಿನ ಬಲದಿಂದ ಬಂದ ಫಲಿತಾಂಶ ರದ್ದಾಗಬೇಕು, ಗೆದ್ದವರ ವಯಸ್ಸು ಎಷ್ಟೇ ಇರಲಿ. ಅದು ಸೋತವರಿಗೆ ಸಲ್ಲಬೇಕಾದ ನ್ಯಾಯ. ಆದರೆ ದೂಷಣೆಯನ್ನು ತೂಗುವಾಗ ವಯಸ್ಸನ್ನು ನೋಡಲೇಬೇಕು. ವಾಡಾದ ಈಗಿನ ನೀತಿಸಂಹಿತೆ ಇದನ್ನು ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ. 16 ತುಂಬದವರನ್ನು, ಹಾಗೆಯೇ ದೊಡ್ಡ ಮಟ್ಟದಲ್ಲಿ ಆಡದ 18 ತುಂಬದವರನ್ನು ಅದು 'ಸಂರಕ್ಷಿತ ವ್ಯಕ್ತಿ' ಎಂದು ಕರೆಯುತ್ತದೆ. ತಪ್ಪು ದೊಡ್ಡದಲ್ಲ ಎಂದು ವಾದಿಸಲು ಮದ್ದು ದೇಹಕ್ಕೆ ಹೇಗೆ ಬಂತು ಎಂದು ಅವರು ಸಾಬೀತು ಮಾಡಬೇಕಿಲ್ಲ. ಬರೀ ಎಚ್ಚರಿಕೆ ಕೊಟ್ಟು ಬಿಡುವುದಕ್ಕೂ ಅವಕಾಶವಿದೆ. ಹೆಸರು ಬಹಿರಂಗ ಮಾಡುವುದು ಕಡ್ಡಾಯವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಸಿಕ್ಕಿಬಿದ್ದಾಗಲೆಲ್ಲ ಅದರ ಸುತ್ತಲಿನ ಕೋಚ್, ವೈದ್ಯರ ತನಿಖೆಯೂ ತಾನಾಗಿ ನಡೆಯಬೇಕು. ವಲಿಯೇವಾ ಪ್ರಕರಣದ ನಂತರ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಿತು.

ಇದು ದೂರದ ದೇಶದ ಕಥೆ ಎನ್ನಬೇಡಿ. 2012ರಿಂದ ಈಚೆಗೆ ಅಪ್ರಾಪ್ತ ವಯಸ್ಕರ ಉದ್ದೀಪನ ಪ್ರಕರಣಗಳನ್ನು ಪರಿಶೀಲಿಸಿ ವಾಡಾ 2024ರಲ್ಲಿ ಕೊಟ್ಟ ವರದಿಯಲ್ಲಿ ಅತಿ ಹೆಚ್ಚು ಪ್ರಕರಣಗಳಿರುವ ಮೂರು ದೇಶಗಳಲ್ಲಿ ಭಾರತವೂ ಒಂದು. ಮಕ್ಕಳಲ್ಲಿ ಹೆಚ್ಚಾಗಿ ಸಿಕ್ಕ ವಸ್ತುಗಳಲ್ಲಿ ಫ್ಯೂರೋಸೆಮೈಡ್ ಒಂದು. ನಮ್ಮ ಮನೆಗಳಲ್ಲಿ ಕಾಲು ಊದಿಕೊಂಡ ಅಜ್ಜ ಅಜ್ಜಿಯರಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆ ಅದೇ.

ನಾನು ಮಾಡಿದ ತಪ್ಪು

ಆ ಮಾತ್ರೆಯ ಹೆಸರು ನನಗೆ ಮೊದಲೇ ಗೊತ್ತಿತ್ತು. ಹಲವು ವರ್ಷಗಳ ಹಿಂದೆ, ಈ ಊರಿಗೆ ಬರುವ ಮೊದಲು, ಬೇರೊಂದು ಕಡೆ ಪಾಠದ ಜೊತೆಗೆ ಕ್ರೀಡೆಯ ಜವಾಬ್ದಾರಿಯೂ ನನ್ನ ಮೇಲಿತ್ತು. ಒಬ್ಬ ಹುಡುಗ ಒಳ್ಳೆಯ ಕುಸ್ತಿಪಟು. ಜಿಲ್ಲಾ ಮಟ್ಟದ ಸ್ಪರ್ಧೆಗೆ ನಾಲ್ಕು ದಿನ ಇರುವಾಗ ಅವನ ತೂಕ ಒಂದೂವರೆ ಕೆಜಿ ಹೆಚ್ಚಿತ್ತು. ಸ್ಪರ್ಧೆಯ ಹಿಂದಿನ ದಿನ ಅಭ್ಯಾಸದಲ್ಲಿ ತಲೆಸುತ್ತಿ ಬಿದ್ದ. ಜೇಬಿನಲ್ಲಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಅಜ್ಜಿಯದು. ತೂಕ ಇಳಿಸಲು ಎರಡು ದಿನದಿಂದ ನುಂಗಿದ್ದ.

ಅವನನ್ನು ತಂಡದಿಂದ ಕೈಬಿಟ್ಟೆ. ಅದು ಸರಿ, ಅವನ ಜೀವಕ್ಕೇ ಅಪಾಯವಿತ್ತು. ಆದರೆ ಮಾರನೆಯ ದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಅವನನ್ನು ಮುಂದಕ್ಕೆ ಕರೆದು, "ಮೋಸಗಾರ" ಎಂದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಮೈದಾನದ ಕಡೆ ಬರಲಿಲ್ಲ.

ಎಷ್ಟೋ ಕಾಲದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಈಗ ದುಡಿಯುವ ಗಂಡಸು. ಟೀ ಕುಡಿಯುತ್ತಾ, ಅಂದು ಯಾರು ನಿನಗೆ ಆ ಬುದ್ಧಿ ಹೇಳಿದ್ದು ಎಂದು ಕೇಳಿದೆ. "ಮಾತ್ರೆ ತಗೋ ಅಂತ ಯಾರೂ ಹೇಳ್ಲಿಲ್ಲ ಸಾರ್. ಆದ್ರೆ ಹೆಂಗಾದ್ರೂ ಮಾಡಿ ತೂಕ ಇಳಿಸ್ಕೊಂಡು ಬಾ, ಇಲ್ದಿದ್ರೆ ಮುಖ ತೋರಿಸ್ಬೇಡ ಅಂತ ನೀವೇ ಹೇಳಿದ್ರಲ್ಲ" ಎಂದ. ಕೋಪದಿಂದ ಹೇಳಲಿಲ್ಲ. ಅವನ ಕೈ ಹಿಡಿದು ಕ್ಷಮೆ ಕೇಳಿದೆ. "ಬಿಡಿ ಸಾರ್, ಹಳೇದು" ಎಂದ. ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ.

ಮಾತ್ರೆ ನುಂಗಿದ್ದು ಅವನು. "ಹೇಗಾದರೂ ಮಾಡಿ" ಎಂದದ್ದು ನಾನು. ಸಭೆಯಲ್ಲಿ ನಿಂತದ್ದು ಅವನೊಬ್ಬನೇ.

ಹಾಗಾದರೆ ನ್ಯಾಯ ಹೇಗಿರಬೇಕು?

ಮೊದಲನೆಯದು, ಫಲಿತಾಂಶ ಮತ್ತು ದೂಷಣೆಯನ್ನು ಬೇರೆ ಬೇರೆಯಾಗಿ ತೀರ್ಮಾನಿಸಬೇಕು. ಎರಡನೆಯದು, ಬೇಗ ತೀರ್ಮಾನಿಸಬೇಕು. ತಡವಾದಷ್ಟೂ ಎರಡೂ ಕಡೆಯ ಮಕ್ಕಳಿಗೆ ನಷ್ಟ. ಮೂರನೆಯದು, ಮಗುವಿನ ಹೆಸರನ್ನು ಬೀದಿಗೆ ತರಬಾರದು. ನಾಲ್ಕನೆಯದು, ವಿಚಾರಣೆಯಲ್ಲಿ ಮಗುವಿನ ಪಕ್ಕದಲ್ಲಿ ನಂಬಿಕೆಯ ಹಿರಿಯರೊಬ್ಬರು ಇರಬೇಕು. ಐದನೆಯದು, "ಯಾರು ಕೊಟ್ಟರು, ಯಾರು ಒತ್ತಡ ಹಾಕಿದರು" ಎಂದು ಕೇಳದೆ ಕಡತ ಮುಚ್ಚಬಾರದು. ಮಕ್ಕಳು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು. ಅಮಾನತ್ತು ಹಾಳಾದಾಗ ಇಟ್ಟುಕೊಂಡವರನ್ನೇ ಮೊದಲು ಕೇಳಬೇಕು.

ನಿಮಗೊಂದು ಮಾತು. ಜಿಮ್ಮಿನಲ್ಲಿ ಕೊಡುವ ಪುಡಿ, ಗೆಳೆಯ ಕೊಡುವ ಮಾತ್ರೆ, ಮನೆಯ ಹಿರಿಯರ ಔಷಧಿ, ಯಾವುದನ್ನೂ ಕೇಳದೆ ಬಾಯಿಗೆ ಹಾಕಬೇಡಿ. ವೈದ್ಯರ ಹತ್ತಿರ ಹೋದಾಗ "ನಾನು ಸ್ಪರ್ಧೆಗೆ ಆಡುತ್ತೇನೆ" ಎಂದು ಮೊದಲೇ ಹೇಳಿ. ನಿಜವಾಗಿ ಕಾಯಿಲೆ ಇದ್ದು ನಿಷೇಧಿತ ಔಷಧಿ ಬೇಕೇ ಆದರೆ ಮುಂಚಿತವಾಗಿ ಅನುಮತಿ ಪಡೆಯುವ ದಾರಿ ನಿಯಮದಲ್ಲೇ ಇದೆ. ಯಾರಾದರೂ "ಹೇಗಾದರೂ ಮಾಡಿ" ಎಂದರೆ, ಅದು ನಾನೇ ಆಗಿದ್ದರೂ, "ಹೇಗೆ ಸಾರ್?" ಎಂದು ತಿರುಗಿ ಕೇಳಿ.

ತರಗತಿಯಲ್ಲಿ ಚರ್ಚಿಸಲು

1. ವಲಿಯೇವಾಗೆ ಬೀಜಿಂಗಿನಲ್ಲಿ ಸ್ಪರ್ಧಿಸಲು ಬಿಟ್ಟದ್ದು ಆಕೆಗೆ ಉಪಕಾರವಾಯಿತೇ, ಅಪಕಾರವಾಯಿತೇ?

2. ರದುಕಾನ್ ಮತ್ತು ವಲಿಯೇವಾ ತೀರ್ಪುಗಳಲ್ಲಿ ನಿಮಗೆ ಯಾವುದು ಹೆಚ್ಚು ನ್ಯಾಯ ಎನಿಸುತ್ತದೆ? ಕಾರಣ ಕೊಡಿ.

3. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಆ ಹುಡುಗನೊಂದಿಗೆ ಹೇಗೆ ನಡೆದುಕೊಳ್ಳುತ್ತಿದ್ದಿರಿ?

ಉತ್ತರಗಳನ್ನು ಬರೆದು ಸ್ಟಾಫ್ ರೂಮಿಗೆ ತಂದುಕೊಡಿ. ಮೂರನೆಯದನ್ನು ಮರೆಯದೆ ಬರೆಯಿರಿ.